ಹನ್ನೆರಡು ಹಳ್ಳಿಯ ಖಾಲಿ ಪ್ಯಾಕೆಟ್ ಲೆಕ್ಕ

ಮದ್ಯದ ಖಾಲಿ ಪ್ಯಾಕೆಟ್ ಎಣಿಸಿ ಒಂದು ಊರಿನ ಕುಡಿತ ಇಳಿದಿದೆಯೋ ಏರಿದೆಯೋ ಹೇಳಬಹುದು ಅಂತ ನಾನು ಅಂದಾಗ ನಕ್ಕವರೇ ಜಾಸ್ತಿ. ದಾವಣಗೆರೆಯಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವ ಗೆಳೆಯನೊಬ್ಬ ಮಿರ್ಚಿ ಕಚ್ಚುತ್ತಾ, "ಲೇ, ಕಸ ಆಯೋದಕ್ಕೆ ಮೌಲ್ಯಮಾಪನ ಅಂತ ಹೆಸರಿಡ್ತೀಯಲ್ಲೋ, ಭಂಡ ನೀನು" ಅಂದ. ದುಡ್ಡು ಕೊಡುವ ಸಂಸ್ಥೆಯವರು ಬಾಯಿಬಿಟ್ಟು ಏನೂ ಹೇಳಲಿಲ್ಲ, ಬಜೆಟ್‌ನಲ್ಲಿ ಆ ಸಾಲನ್ನೇ ಹೊಡೆದು ಹಾಕಿದರು. ಈಗ ಅವರೇ ಇನ್ನೊಂದು ಜಿಲ್ಲೆಯಲ್ಲೂ ಇದನ್ನು ಮಾಡಿಕೊಡಿ ಅಂತ ಫೋನ್ ಮಾಡುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಜಗಳೂರು ತಾಲ್ಲೂಕಿನ ಎಂಟು ಹಳ್ಳಿ, ಗಡಿ ದಾಟಿ ಚಿತ್ರದುರ್ಗ ತಾಲ್ಲೂಕಿನ ನಾಲ್ಕು. ಅಲ್ಲಿ ಕುಡಿತ ಇಳಿಸುವ ಕಾರ್ಯಕ್ರಮ ನಡೆಸುವವರು ಬೇರೆ, ಅದರಿಂದ ಎಷ್ಟು ಇಳಿಯಿತು ಅಂತ ಅಳೆಯುವುದಷ್ಟೇ ನಮ್ಮ ಕೆಲಸ. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ಬೀಡಿ ಅಂಗಡಿ, ಕಿರಾಣಿ ಅಂಗಡಿಗಳ ಕಳ್ಳ ಮಾರಾಟ ನಿಲ್ಲಿಸುವುದು, ಆಶಾ ಕಾರ್ಯಕರ್ತೆಯರು ಜಾಸ್ತಿ ಕುಡಿಯುವವರ ಜೊತೆ ಹತ್ತು ನಿಮಿಷ ಕೂತು ಮಾತಾಡುವುದು, ಮದ್ಯವರ್ಜನ ಶಿಬಿರ, ಶಾಲೆಯಲ್ಲಿ ಒಂದೆರಡು ತರಗತಿ. ಸರಾಯಿ 2007ರ ಜುಲೈಯಲ್ಲೇ ನಿಂತಿತು, ಅಲ್ವಾ? ಅದರ ಜಾಗದಲ್ಲಿ ಈಗ 90 ಎಂಎಲ್ ಟೆಟ್ರಾ ಪ್ಯಾಕೆಟ್ ಕೂತಿದೆ. ಸನ್ನದು ಇರುವ ಅಂಗಡಿ ಹತ್ತು ಕಿಲೋಮೀಟರ್ ಆಚೆ ಇದ್ದರೂ ಬೆಳಿಗ್ಗೆ ಆರಕ್ಕೆ ಊರೊಳಗೇ ಪ್ಯಾಕೆಟ್ ಸಿಗುತ್ತದೆ, ಎಂಆರ್‌ಪಿ ಮೇಲೆ ಹತ್ತೋ ಹದಿನೈದೋ ಜಾಸ್ತಿ ಕೊಟ್ಟರಾಯಿತು.

ಮೊದಲು ಎಲ್ಲರಂತೆ ನಾವೂ ಮನೆ ಮನೆ ಸರ್ವೆ ಮಾಡಿದೆವು. ನಮಗೆ ಸಿಕ್ಕ ಒಟ್ಟು ದುಡ್ಡು ನಾಲ್ಕೂವರೆ ಲಕ್ಷದ ಆಸುಪಾಸು, ಅದರಲ್ಲಿ ಎರಡು ಲಕ್ಷ ಆ ಒಂದೇ ಸುತ್ತಿಗೆ ಹೋಯಿತು. ಹುಡುಗರಿಗೆ ದಿನಕ್ಕೆ ಆರುನೂರು, ಪೆಟ್ರೋಲು, ಊಟ, ಟ್ಯಾಬ್ ಬಾಡಿಗೆ. ಸಾವಿರದ ಮೇಲೆ ಮನೆ ಆದವು. ಫಲ ಏನು? ಅಡುಗೆಮನೆ ಬಾಗಿಲಲ್ಲಿ ಹೆಂಡತಿ, ಕಟ್ಟೆ ಮೇಲೆ ಅವ್ವ, ನಡುವೆ ನಮ್ಮ ಹುಡುಗ ಟ್ಯಾಬ್ ಹಿಡಿದು "ಯಜಮಾನ್ರೇ, ಕುಡಿಯೋ ಅಭ್ಯಾಸ ಇದೆಯಾ?" ಅಂದರೆ "ಹಬ್ಬ ಹುಣ್ಣಿಮೇಲಿ ಒಂದಿಷ್ಟು ಕಣಪ್ಪ" ಅನ್ನುವ ಉತ್ತರ, ಒಳಗಿಂದ ಪಾತ್ರೆ ಕುಕ್ಕಿದ ಸದ್ದು. ಗಂಡಸರಲ್ಲಿ ಕುಡಿಯುತ್ತೇವೆ ಅಂದವರು ಒಂಬತ್ತಕ್ಕೆ ಒಬ್ಬರೋ ಏನೋ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗಂಡಸರ ಲೆಕ್ಕವೇ ನೂರಕ್ಕೆ 19 ಇದೆ, ನಮ್ಮ ಹಳ್ಳಿಗಳು ಅದಕ್ಕಿಂತ ಸಭ್ಯವಂತೆ! ಸಂಜೆ ಏಳರ ಮೇಲೆ ಆ ಊರುಗಳ ಬಸ್ ಸ್ಟಾಪ್ ನೋಡಿದವರು ಯಾರೂ ನಂಬುವುದಿಲ್ಲ. ಅದೇ ಮನೆಗಳ ಹೆಣ್ಣುಮಕ್ಕಳನ್ನು ಸಂಘದ ಸಭೆಯಲ್ಲಿ ಬೇರೆಯಾಗಿ ಕೇಳಿದರೆ ಹತ್ತಕ್ಕೆ ನಾಲ್ಕು ಮನೆ ಅಂದರು.

ಸುಳ್ಳು ಒಂದೇ ಸಮ ಇದ್ದರೆ ಹೇಗೋ ನಿಭಾಯಿಸಬಹುದು. ಇಲ್ಲಿನ ತೊಂದರೆ ಬೇರೆ. ಶಿಬಿರದಲ್ಲಿ ಎಲ್ಲರೆದುರು ಪ್ರಮಾಣ ಮಾಡಿದವನು ಆಮೇಲೆ ಇನ್ನೂ ಜಾಸ್ತಿ ಸುಳ್ಳು ಹೇಳುತ್ತಾನೆ, ಯಾವ ಉತ್ತರ ಕೊಟ್ಟರೆ ಎದುರಿಗಿರುವವರಿಗೆ ಖುಷಿ ಅಂತ ಕಾರ್ಯಕ್ರಮವೇ ಅವನಿಗೆ ಕಲಿಸಿರುತ್ತದೆ. ಹಾಗಾಗಿ ಸರ್ವೆಯಲ್ಲಿ ಕುಡಿತ ಇಳಿದೇ ಇಳಿಯುತ್ತದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 20 ಊರು ತೆಗೆದುಕೊಂಡು ಹತ್ತರಲ್ಲಿ ಊರೆಲ್ಲ ಸೇರಿ ಕಾರ್ಯಕ್ರಮ ಮಾಡಿದರು, 2014ರಲ್ಲಿ ಫಲಿತಾಂಶ ಬಂತು. ಜನ ಕೊಟ್ಟ ಉತ್ತರದಲ್ಲಿ ಕುಡಿತ ಇಳಿದಿತ್ತು, ಪೊಲೀಸ್ ಮತ್ತು ಆಸ್ಪತ್ರೆಯ ದಾಖಲೆಯಲ್ಲಿ ಅಂಥ ಇಳಿತ ಗಟ್ಟಿಯಾಗಿ ಕಾಣಲಿಲ್ಲ. ಅಷ್ಟು ದುಡ್ಡು, ಅಷ್ಟು ದಾಖಲೆ ಇರುವ ಕಡೆಯೇ ಹೀಗೆ.

ದಾಖಲೆಗೆ ನಾವೂ ಅಲೆದೆವು. ಠಾಣೆಯಲ್ಲಿ ಹೆಂಡತಿ ಮೇಲೆ ಕೈ ಮಾಡಿದ ದೂರು ಕಾರ್ಯಕ್ರಮ ಶುರುವಾದ ಮೇಲೆ ಜಾಸ್ತಿ ಆದವು, ಮೊದಲು ಬಾಯಿ ಮುಚ್ಚಿಕೊಂಡಿದ್ದವರು ಸಂಘದ ಧೈರ್ಯದಲ್ಲಿ ಠಾಣೆ ಮೆಟ್ಟಿಲು ಹತ್ತಿದ್ದಕ್ಕೆ. ಆ ಅಂಕಿಯನ್ನು ಹಾಗೇ ವರದಿಗೆ ಹಾಕಿದರೆ ಕಾರ್ಯಕ್ರಮದಿಂದ ಹೊಡೆತ ಹೆಚ್ಚಾಯಿತು ಅಂತ ಓದಿಕೊಳ್ಳುತ್ತಾರೆ. ಆರೋಗ್ಯ ಕೇಂದ್ರದ ರಿಜಿಸ್ಟರ್‌ನಲ್ಲಿ "ಬಿದ್ದು ಗಾಯ" ಅಂತಷ್ಟೇ ಇರುತ್ತದೆ, ಕುಡಿದು ಬಿದ್ದನೋ ಎತ್ತು ಹಾಯ್ದು ಬಿದ್ದನೋ ಯಾರು ಬರೆಯುತ್ತಾರೆ? ಸನ್ನದು ಅಂಗಡಿಯ ಮಾರಾಟದ ಲೆಕ್ಕ ಕಷ್ಟಪಟ್ಟು ಸಿಕ್ಕಿತು, ಆದರೆ ಒಂದು ಅಂಗಡಿಗೆ ಇಪ್ಪತ್ತು ಮೂವತ್ತು ಹಳ್ಳಿಯ ಗಿರಾಕಿ. ಅದರಲ್ಲಿ ನಮ್ಮ ಹಳ್ಳಿಯ ಪಾಲನ್ನು ಹೇಗೆ ಬೇರ್ಪಡಿಸುವುದು.

ಇಷ್ಟೊತ್ತಿಗೆ ದುಡ್ಡು ಅರ್ಧಕ್ಕೆ ಬಂದಿತ್ತು. ಸರ್ವೆ ಹೀಗಾದ ಮೇಲೆ ಸಂಸ್ಥೆಯವರು ಉಳಿದದ್ದನ್ನು ಏನಾದರೂ ಮಾಡಿಕೊಳ್ಳಿ ಅಂದುಬಿಟ್ಟರು. ಸರಿ, ಪ್ಯಾಕೆಟ್ಟೇ ಎಣಿಸೋಣ ಅಂತ ಹೊರಟೆ.

ಯಾಕೆ ಪ್ಯಾಕೆಟ್? ಗಾಜಿನ ಬಾಟಲಿ, ಪ್ಲಾಸ್ಟಿಕ್ ಬಾಟಲಿ ಬಿದ್ದ ಎರಡೇ ದಿನಕ್ಕೆ ಗುಜರಿಯವರ ಚೀಲ ಸೇರುತ್ತದೆ. ಟೆಟ್ರಾ ಪ್ಯಾಕೆಟ್ ಅವರಿಗೆ ಬೇಡ. ಕಾಗದ, ಪ್ಲಾಸ್ಟಿಕ್, ಬೆಳ್ಳಿ ಹಾಳೆ ಒಂದಕ್ಕೊಂದು ಅಂಟಿಕೊಂಡಿರುವ ಆ ಸರಕಿಗೆ ನಮ್ಮ ಕಡೆ ರೇಟೇ ಇಲ್ಲ. ಕುಡಿದು, ಮೂಲೆ ಹರಿದು, ಹಿಸುಕಿ ಎಸೆದರೆ ಮುಗಿಯಿತು, ಜಾಲಿ ಗಿಡದ ಬುಡದಲ್ಲಿ ಹಾಗೇ ಬಿದ್ದಿರುತ್ತದೆ. ಲೆಕ್ಕಕ್ಕೂ ಸಲೀಸು. ಶೇಕಡ 42.8 ಮದ್ಯಸಾರದ 90 ಎಂಎಲ್ ಅಂದರೆ ಸುಮಾರು 30 ಗ್ರಾಂ ಶುದ್ಧ ಮದ್ಯಸಾರ, ಒಂದು ಡ್ರಿಂಕ್‌ಗೆ ಹತ್ತು ಗ್ರಾಮಿನ ಲೆಕ್ಕದಲ್ಲಿ ಮೂರು ಡ್ರಿಂಕ್. ಕುಡಿತದ ಅಭ್ಯಾಸ ಅಳೆಯುವ ಆಡಿಟ್ ಪ್ರಶ್ನಾವಳಿಯ ಮೂರನೇ ಪ್ರಶ್ನೆ ಒಂದೇ ಸಲಕ್ಕೆ ಆರು ಡ್ರಿಂಕ್ ಅಥವಾ ಜಾಸ್ತಿ ಅಂತ ಕೇಳುತ್ತದಲ್ಲ, ಅದು ಎರಡು ಪ್ಯಾಕೆಟ್.

ಪ್ರತಿ ಹಳ್ಳಿಯಲ್ಲೂ ಒಂದು ದಾರಿ ಗೊತ್ತು ಮಾಡಿದೆವು. ಕೆರೆ ಏರಿ, ಶಾಲೆ ಕಾಂಪೌಂಡಿನ ಹಿಂದೆ, ಹಳೇ ಕಣ, ಬಸ್ ಸ್ಟಾಪ್, ಹುಣಸೆ ತೋಪು. ತಿಂಗಳಿಗೊಮ್ಮೆ ಕೊನೇ ವಾರದಲ್ಲಿ ಅದೇ ದಾರಿ, ಇಬ್ಬರು, ಎರಡು ಗೋಣಿಚೀಲ. ಮೊದಲ ಸಲ ಬರೀ ಗುಡಿಸಿದ್ದು, ವರ್ಷಗಟ್ಟಲೆ ಹಳೆಯದು ಇತ್ತು, ಅದು ಲೆಕ್ಕಕ್ಕಿಲ್ಲ. ಆರಂಭದಲ್ಲಿ ಊರಿನ ಹುಡುಗರನ್ನು ಹಾಕಿದೆ, ಅವರು ಮೇಲೆ ಕಂಡದ್ದನ್ನು ಆಯ್ದು ಅಂದಾಜಿಗೆ ಸಂಖ್ಯೆ ಬರೆದರು. ಆಮೇಲೆ ಪಂಚಾಯಿತಿಯ ಸ್ವಚ್ಛ ವಾಹಿನಿ ಗಾಡಿಯ ಹೆಣ್ಣುಮಕ್ಕಳಿಗೆ ಬಿಡುವಿನ ಹೊತ್ತಲ್ಲಿ ಮಾಡಲು ಕೊಟ್ಟೆ, ಅರ್ಧ ದಿನಕ್ಕೆ ತಲಾ ನಾನೂರು. ಅವರದ್ದು ಬೇರೆಯೇ ಕೈ. ಕಲ್ಲು ಎತ್ತಿ ನೋಡುತ್ತಾರೆ, ಪೊದೆಗೆ ಕೋಲು ಹಾಕುತ್ತಾರೆ, ಪ್ಯಾಕೆಟ್ ಮೇಲಿನ ತಿಂಗಳು ಓದಿ ಹಳೇದನ್ನು ಬೇರೆ ಇಡುತ್ತಾರೆ. ಒಂದು ಸಲ ತೂಕ ಹಾಕಿ ಎಣಿಸುವ ಕೆಲಸ ಉಳಿಸೋಣ ಅಂತ ನೋಡಿದೆ, ಒಳಗಿನ ಕೆಸರು ಸೇರಿ ಲೆಕ್ಕ ಎಲ್ಲೆಲ್ಲಿಗೋ ಹೋಯಿತು. ಬಿಡಿಬಿಡಿಯಾಗಿ ಎಣಿಸಲೇಬೇಕು. ಪೆಟ್ರೋಲು ಸೇರಿ ಹನ್ನೆರಡೂ ಹಳ್ಳಿಗೆ ತಿಂಗಳಿಗೆ ಹನ್ನೆರಡು ಸಾವಿರ ಆಗುತ್ತಿತ್ತು. ಯಾವ ದಿನ ಹೋಗುತ್ತೇವೆ ಅನ್ನುವುದು ಊರಿನವರಿಗೆ ಮೊದಲೇ ಗೊತ್ತಾಗದ ಹಾಗೆ ಒಂದು ಏರ್ಪಾಡು ಮಾಡಿಕೊಂಡಿದ್ದೆ, ಅದನ್ನು ಇಲ್ಲಿ ಬರೆದರೆ ಮುಂದಿನ ಊರಲ್ಲಿ ನನ್ನ ಕೆಲಸ ಕೆಡುತ್ತದೆ.

ಇನ್ನು ಲಾಟರಿ. ಎಲ್ಲ ಹಳ್ಳಿಗೂ ಒಟ್ಟಿಗೆ ಮಾಡುವಷ್ಟು ಜನ ಕಾರ್ಯಕ್ರಮ ನಡೆಸುವವರ ಬಳಿ ಹೇಗೂ ಇರಲಿಲ್ಲ. ನಾಲ್ಕು ನಾಲ್ಕರಂತೆ ಮೂರು ಕಂತು ಮಾಡಿ, ಯಾವ ಹಳ್ಳಿ ಯಾವ ಕಂತು ಅಂತ ಎಲ್ಲ ಪಂಚಾಯಿತಿಯವರ ಎದುರು ಚೀಟಿ ಎತ್ತಿಸಿದೆ. 2023ರ ಆಗಸ್ಟ್, 2024ರ ಜನವರಿ, 2024ರ ಜುಲೈ. ಕಾಯುವ ಹಳ್ಳಿಗಳೇ ಹೋಲಿಕೆಗೆ ಆದವು. "ನಮ್ಮೂರಿಗೆ ಯಾಕಿಲ್ಲ" ಅಂತ ಯಾರೂ ಜಗಳ ತೆಗೆಯಲಿಲ್ಲ, ನಿಮಗೂ ಬರುತ್ತೆ, ಚೀಟಿಯಲ್ಲಿ ಹಿಂದೆ ಬಿದ್ದಿರಿ ಅಷ್ಟೇ ಅಂತ ಹೇಳಬಹುದಿತ್ತು.

ಈ ಚೀಟಿ ಇಲ್ಲದೇ ಹೋಗಿದ್ದರೆ ಏನಾಗುತ್ತಿತ್ತು ನೋಡಿ. ಮೊದಲ ಕಂತು ಶುರುವಾದ ಹೊತ್ತಿಗೇ, 2023ರ ಜುಲೈಯಲ್ಲಿ, ಸರ್ಕಾರ ಅಬಕಾರಿ ಸುಂಕ ಏರಿಸಿತ್ತು, ಪ್ಯಾಕೆಟ್ ದುಬಾರಿ ಆಗಿತ್ತು. ಆಗಸ್ಟ್ ಕೊನೆಗೆ ಗೃಹಲಕ್ಷ್ಮಿಯ ಎರಡು ಸಾವಿರ ಶುರುವಾಯಿತು, ದುಡ್ಡು ಹೆಂಡತಿ ಕೈಗೆ. ಮೇಲಿಂದ ಆ ವರ್ಷ ಬರ, ಮೆಕ್ಕೆಜೋಳ ಕೈಕೊಟ್ಟಿತು, ಜಗಳೂರು ಕಡೆ ಕೇಳುವುದೇ ಬೇಡ. ಬರೀ ಹಿಂದೆ ಮುಂದೆ ಹೋಲಿಸಿ "ಕುಡಿತ ಇಳಿಯಿತು" ಅಂತ ಹೇಳಿದ್ದರೆ ಅದರಲ್ಲಿ ಸುಂಕದ ಪಾಲೆಷ್ಟು, ಬರದ ಪಾಲೆಷ್ಟು, ನಮ್ಮ ಪಾಲೆಷ್ಟು ಅಂತ ದೇವರೇ ಬಂದರೂ ಹೇಳಲಾಗುತ್ತಿರಲಿಲ್ಲ. ಕಾಯುವ ಹಳ್ಳಿಗೂ ಅದೇ ಸುಂಕ, ಅದೇ ಎರಡು ಸಾವಿರ, ಅದೇ ಬರ.

ಆಮೇಲೆ ಎಲೆಕ್ಷನ್ ಬಂತು. ನನ್ನ ಲೆಕ್ಕದ ಮೇಲೆ ನನಗೇ ಪೂರ್ತಿ ಭರವಸೆ ಬಂದದ್ದು ಆಗ. 2024ರ ಲೋಕಸಭೆಗೆ ಚಿತ್ರದುರ್ಗದಲ್ಲಿ ಮತದಾನ ಏಪ್ರಿಲ್ 26, ದಾವಣಗೆರೆ ಕ್ಷೇತ್ರದಲ್ಲಿ ಮೇ 7. ಜಗಳೂರು ದಾವಣಗೆರೆ ಕ್ಷೇತ್ರಕ್ಕೆ ಸೇರುತ್ತದೆ. ಏಪ್ರಿಲ್ ಕೊನೆಯ ಎಣಿಕೆಯಲ್ಲಿ ಚಿತ್ರದುರ್ಗ ಕಡೆಯ ನಾಲ್ಕು ಹಳ್ಳಿಗಳು ಒಮ್ಮೆಲೇ ಎದ್ದವು, ಹತ್ತಿರ ಹತ್ತಿರ ಒಂದೂವರೆ ಪಟ್ಟು. ಜಗಳೂರು ಕಡೆ ಏರಿಕೆ ಅಷ್ಟಿರಲಿಲ್ಲ. ಮೇ ಎಣಿಕೆಯಲ್ಲಿ ತಿರುಗುಮುರುಗು. ಯಾರು ಹಂಚಿದರು, ಎಷ್ಟು ಹಂಚಿದರು ನನಗೆ ಬೇಡ. ಮತದಾನದ ದಿನ ಸರಿದ ಹಾಗೆ ಪ್ಯಾಕೆಟ್ ರಾಶಿಯೂ ಸರಿಯಿತು ಅಂದರೆ ಚೀಲದಲ್ಲಿ ಇರುವುದು ಬರೀ ಕಸ ಅಲ್ಲ ತಾನೇ? ಫಲಿತಾಂಶದ ಲೆಕ್ಕದಿಂದ ಆ ಎರಡು ತಿಂಗಳನ್ನು ಹೊರಗಿಟ್ಟೆ, ಆದರೆ ವರದಿಯ ಮೊದಲ ಚಿತ್ರವೇ ಅದು.

ಒಟ್ಟು ಅಂಕಿ ಹೇಳುತ್ತೇನೆ, ನೆನಪಿನಿಂದ. ಶುರುವಿನಲ್ಲಿ ನೂರು ಮನೆಗೆ ತಿಂಗಳಿಗೆ 350 ಪ್ಯಾಕೆಟ್‌ನ ಆಸುಪಾಸು. ಕಾರ್ಯಕ್ರಮ ನಾಲ್ಕೈದು ತಿಂಗಳು ನಡೆದ ಹಳ್ಳಿಗಳಲ್ಲಿ ಅದು 220ಕ್ಕೆ ಬಂತು, ಅದೇ ತಿಂಗಳಲ್ಲಿ ಕಾಯುತ್ತಿದ್ದ ಹಳ್ಳಿಗಳಲ್ಲಿ 310. ಅಂದರೆ ಸುಂಕ, ಬರ ಕಳೆದು ನೂರಕ್ಕೆ ಇಪ್ಪತ್ತೈದರಷ್ಟು ಕಾರ್ಯಕ್ರಮದ್ದು. "ಹನ್ನೆರಡೇ ಹಳ್ಳಿ, ಅದೃಷ್ಟಕ್ಕೆ ಬಂದಿರಬಹುದು" ಅಂತ ನಮ್ಮ ಮಿರ್ಚಿ ಗೆಳೆಯ ತಗಾದೆ ತೆಗೆದ. ಹನ್ನೆರಡು ಚೀಟಿಯನ್ನು ನಾಲ್ಕು ನಾಲ್ಕು ನಾಲ್ಕಾಗಿ 34,650 ರೀತಿಯಲ್ಲಿ ಎತ್ತಬಹುದು. ಲ್ಯಾಪ್‌ಟಾಪಿನಲ್ಲಿ ಅಷ್ಟನ್ನೂ ಎತ್ತಿಸಿ, ಪ್ರತಿ ಸಲವೂ ಇಳಿತ ಎಷ್ಟು ಕಾಣುತ್ತದೆ ಅಂತ ನೋಡಿದೆವು, ಅವನ ಕೈಯಲ್ಲೇ ಮಾಡಿಸಿದೆ. ಬರೀ ಅದೃಷ್ಟ ಆಗಿದ್ದರೆ ಬೇರೆ ರೀತಿ ಎತ್ತಿದಾಗಲೂ ಅಂಥ ಇಳಿತ ಆಗಾಗ ಕಾಣಬೇಕಿತ್ತು, ನಮ್ಮಷ್ಟು ದೊಡ್ಡದು ಬಂದದ್ದು ನೂರಕ್ಕೆ ಎರಡು ಸಲಕ್ಕಿಂತ ಕಮ್ಮಿ. ಬೆಣ್ಣೆ ದೋಸೆ ಬಿಲ್ ಅವನೇ ಕೊಟ್ಟ.

ಊರೊಳಗೆ ಬಿಟ್ಟು ಆಚೆ ಹೋಗಿ ಕುಡಿಯುತ್ತಾರೆ ಅನ್ನುವ ಆಕ್ಷೇಪ ಮಾತ್ರ ನ್ಯಾಯವಾದದ್ದು. ಅದಕ್ಕೆ ರಸ್ತೆ ಬದಿಯ ಡಾಬಾಗಳ ಹಿಂದೆ, ಸನ್ನದು ಅಂಗಡಿಗೆ ಹೋಗುವ ದಾರಿಯ ಮೋರಿಗಳಲ್ಲಿ ಕೂಡ ಕೆಲವು ತಿಂಗಳು ಎಣಿಸಿದೆವು. ಇಳಿದದ್ದರಲ್ಲಿ ಕಾಲು ಭಾಗ ಅಲ್ಲಿ ಸಿಕ್ಕಿತು. ಅದನ್ನು ಕಳೆದರೆ ನೂರಕ್ಕೆ ಇಪ್ಪತ್ತರ ಹತ್ತಿರ. ವರದಿಯಲ್ಲಿ ಇಪ್ಪತ್ತು ಅಂತಲೇ ಬರೆದೆ. ಕಾರ್ಯಕ್ರಮದವರಿಗೆ ಮುಖ ಸಣ್ಣಗಾಯಿತು, ಅವರ ಪೋಸ್ಟರ್‌ನಲ್ಲಿ ಪ್ರಮಾಣ ಮಾಡಿದವರ ಸಂಖ್ಯೆ ದೊಡ್ಡದಾಗಿ ಇತ್ತಲ್ಲ.

ಅವರಿಗೆ ಇನ್ನೂ ಹಿಡಿಸದ ಮಾತು ಶಿಬಿರದ್ದು. ಎರಡು ಹಳ್ಳಿಯಲ್ಲಿ ಶಿಬಿರ ಜೋರಾಗಿ ಆಯಿತು, ಆದರೆ ಪ್ಯಾಕೆಟ್ ಮಾರುವ ಅಂಗಡಿ ಮುಚ್ಚಲಿಲ್ಲ, ಮಾರುವವನು ಊರಿನ ದೊಡ್ಡವರಿಗೆ ಬೇಕಾದವನು. ಅಲ್ಲಿ ಎಣಿಕೆ ಒಂದೂವರೆ ತಿಂಗಳು ಕುಸಿಯಿತು, ನಾಯಕನಹಟ್ಟಿ ಜಾತ್ರೆ ಮುಗಿಯುವಷ್ಟರಲ್ಲಿ ವಾಪಸ್ ಮೊದಲಿನ ಮಟ್ಟ. ಶಿಬಿರ ನಡೆಯದೇ ಬರೀ ಅಂಗಡಿ ಮುಚ್ಚಿದ ಕಡೆ ಇಳಿದದ್ದು ಇಳಿದೇ ಇತ್ತು. ಎರಡೇ ಹಳ್ಳಿ, ಅದರ ಮೇಲೆ ದೊಡ್ಡ ಮಾತಾಡುವುದಿಲ್ಲ. ನನ್ನನ್ನು ಕೇಳಿದರೆ ದುಡ್ಡು ಅಂಗಡಿ ಮುಚ್ಚಿಸುವ ಕಡೆ ಹಾಕಿ ಅಂತೀನಿ.

ಪ್ಯಾಕೆಟ್ ಕುಡಿತ ಹೇಳುತ್ತದೆ, ಮನೆಯ ಜಗಳ ಹೇಳುವುದಿಲ್ಲ. ಅದಕ್ಕೆ ಕ್ಯಾಲೆಂಡರ್ ಇಟ್ಟೆ. ಹಳ್ಳಿ ಮನೆಗಳಲ್ಲಿ ಹಾಲಿನ ಲೆಕ್ಕ ಗೋಡೆಯ ಕ್ಯಾಲೆಂಡರ್ ಮೇಲೇ ಇರುತ್ತದೆ, ಅರ್ಧ ಲೀಟರ್‌ಗೆ ಒಂದು ಗೆರೆ, ಬಾರದ ದಿನಕ್ಕೆ ಸೊನ್ನೆ. ಸಂಘದ ಅರವತ್ತು ಎಪ್ಪತ್ತು ಹೆಣ್ಣುಮಕ್ಕಳು ಅದರ ನಡುವೆಯೇ, ಕುಡಿದು ಗಲಾಟೆ ಆದ ದಿನಕ್ಕೆ ಇನ್ನೊಂದು ಗುರುತು ಹಾಕುತ್ತಾ ಬಂದರು. ಯಾವ ಗುರುತು ಅಂತ ಬರೆಯುವುದಿಲ್ಲ, ಗಂಡಂದಿರೂ ಓದುತ್ತಾರೆ. ಮೊದಲು ವಾರಕ್ಕೆ ಎರಡರ ಹತ್ತಿರ ಇದ್ದದ್ದು ಆಮೇಲೆ ಒಂದಕ್ಕಿಂತ ಸ್ವಲ್ಪ ಮೇಲೆ ನಿಂತಿತು. ಒಬ್ಬಾಕೆ ಮಾತ್ರ, "ಸಾರ್, ಪ್ಯಾಕೆಟ್ ಸಿಗದ ದಿನಾನೇ ಹೊಡೆತ ಜಾಸ್ತಿ" ಅಂದಳು. ಅವಳ ಕ್ಯಾಲೆಂಡರ್ ಹಾಗೇ ಇತ್ತು. ಅಂಥ ಮನೆಗಳು ನಾಲ್ಕೈದು ಸಿಕ್ಕವು, ಅವುಗಳಿಗೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗದ ದಾರಿ ತೋರಿಸಿದ್ದು ಆಶಾ ಅಕ್ಕಂದಿರು.

ಅಳೆಯಲು ಬೇರೆ ಪ್ರಯೋಗಗಳನ್ನೂ ಮಾಡಿದೆ. ಮೂರು ಸಾವಿರ ಕೊಟ್ಟು ಊದುವ ಮೀಟರ್ ತಂದು ಸಂಜೆ ಬಸ್ ಸ್ಟಾಪಲ್ಲಿ ನಿಂತೆವು, ಪೊಲೀಸರು ಅಂದುಕೊಂಡು ಎಲ್ಲ ಓಡಿದರು. ಆ ಮೀಟರ್ ಇನ್ನೂ ಬೀರುವಿನಲ್ಲಿದೆ. ಕಿರಾಣಿ ಅಂಗಡಿಯಲ್ಲಿ ಪ್ಲಾಸ್ಟಿಕ್ ಲೋಟ, ನೀರಿನ ಪ್ಯಾಕೆಟ್ ಎಷ್ಟು ಖರ್ಚಾಗುತ್ತದೆ ಅಂತ ಬರೆಸಿಕೊಂಡದ್ದು ಚೆನ್ನಾಗಿ ಕೂತಿತು, ಮದುವೆ ತಿಂಗಳು ಬಿಟ್ಟರೆ ನಮ್ಮ ಎಣಿಕೆಯ ಜೊತೆಗೇ ಏರಿಳಿಯುತ್ತಿತ್ತು. ದುಡ್ಡೇ ಇಲ್ಲದವರು ಅಷ್ಟನ್ನಾದರೂ ಮಾಡಬಹುದು.

ಈಗ ಹೊಸ ತಲೆನೋವು ಒಂದಿದೆ. ಕೆಲವು ಹಳ್ಳಿಗಳಲ್ಲಿ ಟೆಟ್ರಾ ಬಿಟ್ಟು 180 ಎಂಎಲ್ ಪ್ಲಾಸ್ಟಿಕ್ ಬಾಟಲಿ ಜಾಸ್ತಿ ಓಡುತ್ತಿದೆ, ಅದು ದಾರಿಯಲ್ಲಿ ಉಳಿಯುವುದೇ ಇಲ್ಲ, ಗುಜರಿಗೆ ಹೋಗುತ್ತದೆ. ಆ ಸುತ್ತಿನ ಇಬ್ಬರು ಗುಜರಿಯವರ ಜೊತೆ ಮಾತಾಡಿದ್ದೇನೆ. ಯಾವ ಊರಿಂದ ಎಷ್ಟು ಬಾಟಲಿ ಅಂತ ಚೀಟಿ ಬರೆದುಕೊಟ್ಟರೆ ಚೀಟಿಗೆ ಐದು ರೂಪಾಯಿ ಅಂದೆ, ಅವರು ಹತ್ತು ಅಂತಾರೆ. ಏಳಕ್ಕೆ ಕೂರಬಹುದು.