ವೀಸಾ ಮೇಲಿದ್ದರೂ ಯುಕೆಯಲ್ಲಿ ನಿಮಗೆ ಓಟಿದೆ: ಕೋಲಾರದ ಕಡೆಯಿಂದ ಹೋದವರಿಗೆ

ಬಂಗಾರಪೇಟೆಯ ನಮ್ಮ ಮನೆಗೆ ಪಕ್ಕದ ಬೀದಿಯ ಒಬ್ಬ ತಾಯಿ ಬಂದಿದ್ದರು. ಮಗಳು ಇಂಗ್ಲೆಂಡಿನಲ್ಲಿ ನರ್ಸ್. ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. 2025ರ ಸೆಪ್ಟೆಂಬರ್ 13ರಂದು ಲಂಡನ್ನಿನಲ್ಲಿ ವಲಸೆ ವಿರೋಧಿಸಿ ನಡೆದ ದೊಡ್ಡ ಮೆರವಣಿಗೆ. ರಸ್ತೆ ತುಂಬ ಬಾವುಟ. ಲಕ್ಷಕ್ಕೂ ಜಾಸ್ತಿ ಜನ ಸೇರಿದ್ದರು ಎಂದು ಅಲ್ಲಿನ ಪೊಲೀಸರೇ ಹೇಳಿದ್ದಾರೆ.

"ನಮ್ಮ ಹುಡುಗೀನ ಓಡಿಸಿಬಿಡ್ತಾರಾ ಅಕ್ಕಾ?" ಅಂದರು.

ನಾನು ಎಂಟು ವರ್ಷ ಅಲ್ಲಿದ್ದು ಬಂದವಳು. ಅವರೆದುರೇ ಮಗಳಿಗೆ ಫೋನ್ ಮಾಡಿಸಿದೆ. "ಓಟರ್ ಲಿಸ್ಟಿಗೆ ಹೆಸರು ಸೇರಿಸಿದ್ದೀಯಾ?" ಎಂದು ಕೇಳಿದೆ. "ನಾನು ಅಲ್ಲಿನ ಸಿಟಿಜನ್ ಅಲ್ವಲ್ಲಾ ಅಕ್ಕಾ" ಅಂದಳು. ಹೋಗಿ ಮೂರು ವರ್ಷವಾಗಿದೆ. ಅವಳಿಗೆ ಯಾರೂ ಹೇಳಿರಲಿಲ್ಲ. ಈ ಬರಹ ಅವಳಿಗೂ, ಅವಳ ಹಾಗೆ ಇರುವ ನಿಮಗೂ.

ಭಾರತ ಕಾಮನ್‌ವೆಲ್ತ್ ದೇಶ. ಕಾಮನ್‌ವೆಲ್ತ್ ದೇಶದ ಪ್ರಜೆ ಸರಿಯಾದ ವೀಸಾ ಇಟ್ಟುಕೊಂಡು ಯುಕೆಯಲ್ಲಿ ವಾಸವಿದ್ದರೆ, 18 ವರ್ಷ ತುಂಬಿದ್ದರೆ, ಅಲ್ಲಿನ ಕೌನ್ಸಿಲ್ (ನಮ್ಮ ನಗರಸಭೆಯ ಹಾಗೆ) ಚುನಾವಣೆಗೂ ಪಾರ್ಲಿಮೆಂಟ್ ಚುನಾವಣೆಗೂ ಓಟು ಹಾಕಬಹುದು. ಬ್ರಿಟಿಷ್ ಪಾಸ್‌ಪೋರ್ಟ್ ಬೇಕಿಲ್ಲ. ಪಿಆರ್, ಅಂದರೆ ಶಾಶ್ವತವಾಗಿ ಅಲ್ಲೇ ಇರುವ ಅನುಮತಿ, ಅದೂ ಬೇಕಿಲ್ಲ. ವರ್ಕ್ ವೀಸಾದವರು, ಜೊತೆಗೆ ಹೋದ ಗಂಡ ಅಥವಾ ಹೆಂಡತಿ, ಓದಲು ಹೋದ ಮಕ್ಕಳು, ಎಲ್ಲರಿಗೂ ಈ ಹಕ್ಕಿದೆ. ಓಟು ಹಾಕಿದರೆ ಭಾರತದ ಪೌರತ್ವ ಹೋಗುತ್ತದೆ ಎಂದು ಕೆಲವರು ಹೆದರುತ್ತಾರೆ. ಹೋಗುವುದಿಲ್ಲ. ಬೇರೆ ದೇಶದ ಪೌರತ್ವವನ್ನೇ ತೆಗೆದುಕೊಂಡರೆ ಮಾತ್ರ ನಮ್ಮದು ಹೋಗುತ್ತದೆ.

ಈ ಓಟು ಈಗ ಯಾಕೆ ಮುಖ್ಯ ಎಂದು ತಿಳಿಯಲು ಅಲ್ಲಿನ ರಾಜಕೀಯ ನಿಮ್ಮ ವೀಸಾದವರೆಗೆ ಹೇಗೆ ಬರುತ್ತದೆ ಎಂದು ನೋಡಬೇಕು.

ಚುನಾವಣೆ ನಮ್ಮದರ ಹಾಗೆಯೇ. 650 ಕ್ಷೇತ್ರ, ಒಂದೊಂದರಲ್ಲೂ ಜಾಸ್ತಿ ಓಟು ಬಂದವರು ಗೆಲ್ಲುತ್ತಾರೆ. 2024ರ ಜುಲೈ 4ರ ಚುನಾವಣೆಯಲ್ಲಿ ಲೇಬರ್ ಪಕ್ಷಕ್ಕೆ ಬಂದದ್ದು ಶೇ. 34ರಷ್ಟು ಓಟು, ಸೀಟು 411. ವಲಸೆ ತಡೆಯಬೇಕು ಎನ್ನುವ ನೈಜಲ್ ಫರಾಜ್ ಅವರ ರಿಫಾರ್ಮ್ ಯುಕೆ ಪಕ್ಷಕ್ಕೆ ಶೇ. 14ರಷ್ಟು ಓಟು, ಸೀಟು ಬರೀ 5. ಐದೇ ಸೀಟಲ್ವಾ ಎಂದು ಬಿಟ್ಟುಬಿಡಬೇಡಿ. ಇಂಥ ಪಕ್ಷ ಗೆಲ್ಲದೆಯೇ ನಿಯಮ ಬದಲಾಯಿಸುತ್ತದೆ. ಯುರೋಪಿಯನ್ ಯೂನಿಯನ್ ಬಿಡಬೇಕು ಎನ್ನುತ್ತಿದ್ದ ಫರಾಜ್ ಅವರ ಹಳೆಯ ಪಕ್ಷ ಯುಕಿಪ್ 2015ರಲ್ಲಿ ಶೇ. 12.6 ಓಟು ಪಡೆದು ಗೆದ್ದದ್ದು ಒಂದೇ ಸೀಟು. ಆದರೆ ತಮ್ಮ ಓಟು ಆ ಕಡೆ ಹೋದೀತು ಎಂಬ ಭಯ ಕನ್ಸರ್ವೇಟಿವ್ ಪಕ್ಷಕ್ಕಿತ್ತು. ಯುರೋಪಿಯನ್ ಯೂನಿಯನ್‌ನಲ್ಲಿ ಇರಬೇಕೋ ಬೇಡವೋ ಎಂದು ಜನರನ್ನೇ ಕೇಳುತ್ತೇವೆ ಎಂದು 2013ರಲ್ಲೇ ಮಾತು ಕೊಟ್ಟಿತ್ತು. 2016ರ ಜೂನ್ 23ರಂದು ಶೇ. 51.9 ಜನ ಬೇಡ ಎಂದರು. ಬ್ರೆಕ್ಸಿಟ್ ಎನ್ನುವುದು ಇದನ್ನೇ.

ಪಾಪ್ಯುಲಿಸಂ ಎಂದು ಓದುತ್ತೀರಲ್ಲ, ಅದರ ತಿರುಳು ಇಷ್ಟೇ: ನಿಜವಾದ ಜನ ಒಂದು ಕಡೆ, ಅವರ ಮಾತು ಕೇಳದ ದೊಡ್ಡವರು ಇನ್ನೊಂದು ಕಡೆ, ಜನರ ಪರ ಇರುವವರು ನಾವೊಬ್ಬರೇ. ಈ ಮಾತಿಗೆ ಓಟು ಬರಲು ಶುರುವಾದ ಕೂಡಲೇ ಉಳಿದ ಪಕ್ಷಗಳೂ ಅದೇ ಮಾತಿನ ಹತ್ತಿರಕ್ಕೆ ಸರಿಯುತ್ತವೆ. 2025ರ ಮೇ 1ರ ಸ್ಥಳೀಯ ಚುನಾವಣೆಯಲ್ಲಿ ರಿಫಾರ್ಮ್ ಹತ್ತು ಕೌನ್ಸಿಲ್‌ಗಳನ್ನು ಹಿಡಿಯಿತು. ಅದೇ ಮೇ 12ರಂದು ಲೇಬರ್ ಪ್ರಧಾನಿ ಕಿಯರ್ ಸ್ಟಾರ್ಮರ್ ವಲಸೆ ಬಿಗಿ ಮಾಡುವ ಶ್ವೇತಪತ್ರ (ಸರ್ಕಾರ ಏನು ಮಾಡಬೇಕೆಂದಿದೆ ಎಂದು ಹೇಳುವ ದಾಖಲೆ) ಮುಂದಿಟ್ಟರು. ಪಿಆರ್‌ಗೆ ಐದು ವರ್ಷದ ಬದಲು ಸಾಮಾನ್ಯವಾಗಿ ಹತ್ತು ವರ್ಷ ಎಂಬ ಪ್ರಸ್ತಾಪ ಅದರಲ್ಲೇ ಇದ್ದದ್ದು. ಸೆಪ್ಟೆಂಬರಿನಲ್ಲಿ ರಿಫಾರ್ಮ್ ಇನ್ನೂ ಮುಂದೆ ಹೋಗಿ, ನಾವು ಬಂದರೆ ಪಿಆರ್ ಅನ್ನೇ ತೆಗೆಯುತ್ತೇವೆ ಎಂದಿತು.

ವೀಸಾ ನಿಯಮ ಬದಲಿಸಲು ಪ್ರತಿ ಸಲ ಹೊಸ ಕಾಯ್ದೆ ಬೇಕಾಗಿಲ್ಲ. ಅಲ್ಲಿನ ಗೃಹ ಇಲಾಖೆಯಾದ ಹೋಮ್ ಆಫೀಸ್ ಬದಲಾವಣೆಗಳ ಪಟ್ಟಿಯನ್ನು ಪಾರ್ಲಿಮೆಂಟ್ ಮುಂದೆ ಇಟ್ಟರೆ ಸಾಕು, ಕೆಲವೇ ವಾರಗಳಲ್ಲಿ ಜಾರಿಗೆ ಬರುತ್ತದೆ. ಸ್ಕಿಲ್ಡ್ ವರ್ಕರ್ ವೀಸಾಗೆ ಬೇಕಾದ ಸಂಬಳ 2024ರ ಏಪ್ರಿಲ್‌ನಲ್ಲಿ 26,200 ಪೌಂಡ್‌ನಿಂದ 38,700ಕ್ಕೆ ಏರಿತು. 2025ರ ಜುಲೈ 22ರಿಂದ 41,700. ನರ್ಸ್‌ಗಳಿಗೆ ಬೇರೆ, ಕಡಿಮೆ ಮಿತಿ ಇದೆ. ಕೇರ್ ವರ್ಕರ್‌ಗಳಿಗೆ 2022ರ ಫೆಬ್ರವರಿಯಲ್ಲಿ ಬಾಗಿಲು ತೆರೆದರು. 2024ರ ಮಾರ್ಚ್‌ನಿಂದ ಕುಟುಂಬ ಕರೆತರುವಂತಿಲ್ಲ ಎಂದರು. 2025ರ ಜುಲೈನಲ್ಲಿ ಹೊರದೇಶದಿಂದ ಹೊಸಬರನ್ನು ತರುವುದನ್ನೇ ನಿಲ್ಲಿಸಿದರು. ಆರೋಗ್ಯ ಸರ್‌ಚಾರ್ಜ್ 2024ರ ಫೆಬ್ರವರಿಯಲ್ಲಿ ಹೆಚ್ಚಿನ ವರ್ಕ್ ವೀಸಾಗಳಲ್ಲಿ ದೊಡ್ಡವರಿಗೆ ತಲೆಗೆ ವರ್ಷಕ್ಕೆ 624 ಪೌಂಡ್‌ನಿಂದ 1,035ಕ್ಕೆ ಹೋಯಿತು. ಐದು ವರ್ಷಕ್ಕೆ ಗಂಡ ಹೆಂಡತಿ ಇಬ್ಬರದೇ ಹತ್ತು ಸಾವಿರ ಪೌಂಡ್ ದಾಟುತ್ತದೆ. ಅದಕ್ಕೇ ಏಜೆಂಟ್ ಬಾಯಿಮಾತು ನಂಬಿ ಜಮೀನು ಅಡ ಇಡಬೇಡಿ ಎಂದು ಇಲ್ಲಿ ಕೇಳಿದವರಿಗೆಲ್ಲ ಹೇಳುತ್ತೇನೆ. ಅವತ್ತಿನ ನಿಯಮವನ್ನು ಸರ್ಕಾರದ ಗವ್.ಯುಕೆ ವೆಬ್‌ಸೈಟಿನಲ್ಲೇ ಓದಿ.

ಇನ್ನು ಆ ಜನರಿಗೆ ಕೋಪ ಯಾಕೆ? ಇದನ್ನು ಕೋಲಾರದವರಿಗೆ ವಿವರಿಸುವುದು ಸುಲಭ.

ನಾನು ಮೂರು ವರ್ಷ ಇದ್ದದ್ದು ಕಾರ್ನ್‌ವಾಲ್‌ನ ಕ್ಯಾಂಬೋರ್ನ್ ಹತ್ತಿರ. ತವರ, ತಾಮ್ರದ ಗಣಿಗಳ ಊರು. 19ನೇ ಶತಮಾನದಲ್ಲಿ ಅಲ್ಲಿ ಗಣಿ ಕೆಲಸ ಕುಸಿದಾಗ ಜನ ಊರು ಬಿಟ್ಟು ಜಗತ್ತೆಲ್ಲ ಹೋದರು. ಜಾನ್ ಟೇಲರ್ ಕಂಪನಿ 1880ರಲ್ಲಿ ಕೆಜಿಎಫ್‌ನಲ್ಲಿ ಕೆಲಸ ಶುರು ಮಾಡಿದ ಮೇಲೆ ಅಲ್ಲಿಗೂ ಕಾರ್ನ್‌ವಾಲ್‌ನವರು ಬಂದರು. ಅಂದರೆ ಅವರೂ ಹೊಟ್ಟೆಪಾಡಿಗೆ ನಮ್ಮೂರಿಗೆ ಬಂದ ವಲಸಿಗರೇ. ಕ್ಯಾಂಬೋರ್ನ್ ಪಕ್ಕದ ಸೌತ್ ಕ್ರಾಫ್ಟಿ ಗಣಿ 1998ರಲ್ಲಿ ಮುಚ್ಚಿತು. ನಮ್ಮ ಕೆಜಿಎಫ್ ಚಿನ್ನದ ಗಣಿ ನಡೆಸುತ್ತಿದ್ದ ಬಿಜಿಎಂಎಲ್ 2001ರ ಫೆಬ್ರವರಿ 28ರಂದು. ನಮ್ಮಪ್ಪ ಬಿಜಿಎಂಎಲ್‌ನಲ್ಲಿದ್ದರು. ಗಣಿ ನಿಂತ ಮೇಲೆ ಒಂದು ಊರಿಗೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಬೆಳಗಾಗುವ ಮೊದಲೇ ಮಾರಿಕುಪ್ಪಂ ಕಡೆಯಿಂದ ತುಂಬಿ ಬರುವ ಬೆಂಗಳೂರು ರೈಲು ನೋಡಿದವರಿಗೆ ಗೊತ್ತು.

ಕ್ಯಾಂಬೋರ್ನ್‌ನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜ ಹಳೆಯ ಗಣಿ ಕೆಲಸಗಾರ. "ನಮ್ಮನ್ನು ಯಾರೂ ಒಂದು ಮಾತು ಕೇಳಲಿಲ್ಲ" ಎನ್ನುತ್ತಿದ್ದರು. ಗಣಿ ಮುಚ್ಚುವಾಗಲೂ ಕೇಳಲಿಲ್ಲ, ಹೊರಗಿನವರು ಬರುವಾಗಲೂ ಕೇಳಲಿಲ್ಲ ಅಂತ. ಅಪ್ಪನ ಬಾಯಲ್ಲಿ ಮೊದಲರ್ಧ ನೂರು ಸಲ ಕೇಳಿದ್ದೆ. ಯುರೋಪಿಯನ್ ಯೂನಿಯನ್ನಿನಿಂದ ಕಾರ್ನ್‌ವಾಲ್‌ಗೆ ದೊಡ್ಡ ಅನುದಾನ ಬರುತ್ತಿತ್ತು. ಆದರೂ 2016ರಲ್ಲಿ ಶೇ. 56.5 ಜನ ಹೊರಗೆ ಬರೋಣ ಎಂದೇ ಓಟು ಹಾಕಿದರು. ಹಣದ ಲೆಕ್ಕಕ್ಕಿಂತ ಆ ನೋವು ದೊಡ್ಡದಿತ್ತು. ಅಲ್ಲಿ ಮನೆ ಬೆಲೆ ಏರಿಸಿದ್ದರಲ್ಲಿ ರಜೆಗೆಂದು ಎರಡನೇ ಮನೆ ಕೊಳ್ಳುವ ಶ್ರೀಮಂತ ಇಂಗ್ಲಿಷರ ಪಾಲು ದೊಡ್ಡದು. ಆದರೆ ಕಣ್ಣಿಗೆ ಬೀಳುವುದು ಹೊಸ ಬಣ್ಣ, ಹೊಸ ಭಾಷೆ. ಇದು ಅನ್ಯಾಯ ಎಂದು ನಾನು ಈಗಲೂ ನಂಬುತ್ತೇನೆ. ಅದನ್ನು ಅಜ್ಜನಿಗೂ ಹೇಳಿದ್ದೇನೆ. ಅವರು ಸುಮ್ಮನಿದ್ದರು, ಮಾರನೇ ದಿನ ತೋಟದ ಆಲೂಗಡ್ಡೆ ತಂದುಕೊಟ್ಟರು.

ಅವರನ್ನೆಲ್ಲ ಜನಾಂಗದ್ವೇಷಿಗಳು ಎಂದು ಒಂದೇ ಮಾತಲ್ಲಿ ತಳ್ಳಿಹಾಕುವ ಮೊದಲು ನರಸಾಪುರ, ವೇಮಗಲ್ ಕಡೆಯ ಟೀ ಅಂಗಡಿಯಲ್ಲಿ ಅರ್ಧ ಗಂಟೆ ಕೂತು ಬನ್ನಿ. ಫ್ಯಾಕ್ಟರಿ ಕೆಲಸಕ್ಕೆ ಬಂದ ಒಡಿಶಾ, ಬಿಹಾರದ ಹುಡುಗರ ಬಗ್ಗೆ ನಮ್ಮವರು ಏನೆನ್ನುತ್ತಾರೆ ಕೇಳಿ. 2024ರ ಜುಲೈನಲ್ಲಿ ನಮ್ಮ ಸರ್ಕಾರವೇ ಖಾಸಗಿ ಕಂಪನಿಗಳ ಮೇಲ್ದರ್ಜೆ ಕೆಲಸದಲ್ಲಿ ಶೇ. 50, ಉಳಿದದ್ದರಲ್ಲಿ ಶೇ. 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಂಪುಟದಲ್ಲಿ ಒಪ್ಪಿಗೆ ಕೊಟ್ಟು, ಎರಡೇ ದಿನದಲ್ಲಿ ತಡೆಹಿಡಿಯಿತು. ನಮ್ಮ ಹುಡುಗರಿಗೆ ಕೆಲಸ ಸಿಗಲಿ ಎಂಬ ಆಸೆ ನನ್ನದೂ ಹೌದು. ಅದೇ ಆಸೆ ಅಲ್ಲಿನ ಅಪ್ಪ ಅಮ್ಮನಿಗೂ ಇದೆ.

ಅಂಕಿ ಸಂಖ್ಯೆಯೂ ಆ ಕೋಪಕ್ಕೆ ಕಾರಣ. ಬಂದವರಿಂದ ಬಿಟ್ಟುಹೋದವರನ್ನು ಕಳೆದರೆ ಉಳಿಯುವ ಲೆಕ್ಕ 2023ರ ಸುಮಾರಿಗೆ 9 ಲಕ್ಷ ಮುಟ್ಟಿತ್ತು. ಬ್ರೆಕ್ಸಿಟ್ ಆದರೆ ವಲಸೆ ಇಳಿಯುತ್ತದೆ ಎಂದು ನಂಬಿದ್ದವರಿಗೆ ಇದು ಮೋಸದಂತೆ ಕಂಡಿತು. 2025ರ ಜೂನ್‌ಗೆ ಮುಗಿದ ವರ್ಷದಲ್ಲಿ ಆ ಲೆಕ್ಕ ಸುಮಾರು 2 ಲಕ್ಷಕ್ಕೆ ಇಳಿದಿತ್ತು, ಆದರೂ ಸಿಟ್ಟು ಇಳಿಯಲಿಲ್ಲ. ಟಿವಿಯಲ್ಲಿ ದಿನಾ ತೋರಿಸುವುದು ಚಿಕ್ಕ ದೋಣಿಗಳಲ್ಲಿ ಫ್ರಾನ್ಸ್ ಕಡೆಯಿಂದ ಇಂಗ್ಲಿಷ್ ಚಾನೆಲ್ ಸಮುದ್ರ ದಾಟಿ ಬಂದು ಆಶ್ರಯ ಕೇಳುವವರನ್ನು. 2024ರಲ್ಲಿ ಹಾಗೆ ಬಂದವರು ಸುಮಾರು 37,000. ವೀಸಾ ಪಡೆದು ಬಂದವರು ಅದರ ಎಷ್ಟೋ ಪಟ್ಟು. ಬೀದಿಯಲ್ಲಿ ಕೂಗುವವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಆದರೆ ಸಮೀಕ್ಷೆಯಲ್ಲಿ ಬಿಡಿಸಿ ಕೇಳಿದಾಗ, ವಲಸೆ ಕಡಿಮೆಯಾಗಲಿ ಎನ್ನುವವರಲ್ಲೂ ಬಹಳ ಜನ ನರ್ಸ್, ಡಾಕ್ಟರ್ ಕಡಿಮೆಯಾಗಲಿ ಎನ್ನುವುದಿಲ್ಲ.

2024ರ ಜುಲೈ 29ರಂದು ಸೌತ್‌ಪೋರ್ಟ್‌ನಲ್ಲಿ ಮೂವರು ಪುಟ್ಟ ಹುಡುಗಿಯರ ಕೊಲೆಯಾಯಿತು. ಕೊಂದವನು ದೋಣಿಯಲ್ಲಿ ಬಂದವನು ಎಂಬ ಸುಳ್ಳು ಹಬ್ಬಿತು. ಅವನು ಹುಟ್ಟಿದ್ದು ಕಾರ್ಡಿಫ್‌ನಲ್ಲಿ. ಅಷ್ಟರಲ್ಲಿ ಊರೂರಲ್ಲಿ ಗಲಭೆ. ಅಂಥ ದಿನಗಳಲ್ಲಿ ನಮ್ಮ ವಾಟ್ಸಾಪ್ ಗುಂಪುಗಳೇ ಹೆಚ್ಚು ಹೆದರಿಸುತ್ತವೆ. ಸ್ಥಳೀಯ ಪೊಲೀಸರು ಹೇಳಿದ್ದನ್ನು ನೋಡಿ. ಯಾರಾದರೂ ಬೈದರೆ, ಮೈಮುಟ್ಟಿದರೆ ನುಂಗಿಕೊಳ್ಳಬೇಡಿ. ತುರ್ತಿದ್ದರೆ 999, ಇಲ್ಲದಿದ್ದರೆ 101. ದೂರು ಕೊಟ್ಟರೆ ವೀಸಾಗೆ ತೊಂದರೆಯಾದೀತು ಎಂದು ಬಾಯಿ ಮುಚ್ಚಿಕೊಂಡವರನ್ನು ನೋಡಿ ನನಗೆ ತುಂಬ ಸಂಕಟವಾಗಿದೆ. ದೂರು ಕೊಡುವುದು ನಿಮ್ಮ ಹಕ್ಕು.

ನಿಮ್ಮ ಕ್ಷೇತ್ರದ ಎಂಪಿ ನೀವು ಓಟು ಹಾಕಿದ್ದರೂ ಹಾಕದಿದ್ದರೂ ನಿಮ್ಮ ಎಂಪಿಯೇ. ಅವರು ಜನರನ್ನು ಭೇಟಿ ಮಾಡುವುದಕ್ಕೆ ಅಲ್ಲಿ ಸರ್ಜರಿ ಎನ್ನುತ್ತಾರೆ, ಗಾಬರಿಯಾಗಬೇಡಿ. ವೀಸಾ ಅರ್ಜಿ ತಿಂಗಳುಗಟ್ಟಲೆ ಕೊಳೆಯುತ್ತಿದ್ದರೆ ಪೂರ್ತಿ ವಿಳಾಸ, ಪೋಸ್ಟ್‌ಕೋಡ್ ಹಾಕಿ ಅವರಿಗೆ ಇಮೇಲ್ ಮಾಡಿ. ಹೋಮ್ ಆಫೀಸಿಗೆ ಅವರ ಕಚೇರಿಯಿಂದ ಪತ್ರ ಹೋದರೆ ಉತ್ತರವಾದರೂ ಬರುತ್ತದೆ. ಪಿಆರ್‌ಗೆ ಹತ್ತು ವರ್ಷ ಎಂಬ ಪ್ರಸ್ತಾಪದ ಬಗ್ಗೆ ನಿಮ್ಮ ಕಷ್ಟವನ್ನೂ ಹೀಗೇ ಬರೆಯಬಹುದು. ಓಟರ್ ಲಿಸ್ಟಿನಲ್ಲಿ ಇರುವವರ ಪತ್ರ ಅಂದರೆ ಅವರಿಗೆ ಓಟೂ ಕಾಣುತ್ತದೆ.

ಹೆಸರು ಸೇರಿಸುವುದು ಗವ್.ಯುಕೆಯಲ್ಲಿ, ಐದು ನಿಮಿಷದ ಕೆಲಸ. ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಎದುರಿಗಿಟ್ಟುಕೊಳ್ಳಿ. ರಾಷ್ಟ್ರೀಯತೆ ಎಂದು ಕೇಳಿದ ಕಡೆ ಭಾರತ ಎಂದೇ ಬರೆಯಿರಿ. ಓಟಿಗೆ 12 ಕೆಲಸದ ದಿನ ಮೊದಲೇ ಕಡೆಯ ದಿನಾಂಕ ಮುಗಿಯುತ್ತದೆ, ಆದ್ದರಿಂದ ಚುನಾವಣೆ ಬರಲಿ ಎಂದು ಕಾಯಬೇಡಿ. ಮನೆ ಬದಲಿಸಿದರೆ ಮತ್ತೆ ಸೇರಿಸಬೇಕು. ಪಟ್ಟಿಯಲ್ಲಿ ಹೆಸರಿದ್ದರೆ ಬ್ಯಾಂಕಿನ ಕ್ರೆಡಿಟ್ ಸ್ಕೋರಿಗೂ ಒಳ್ಳೆಯದು.

ಓಟಿನ ದಿನ ಸಾಮಾನ್ಯವಾಗಿ ಗುರುವಾರ, ರಜೆ ಇರುವುದಿಲ್ಲ. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ತೆರೆದಿರುತ್ತದೆ, ಶಿಫ್ಟ್ ಮುಗಿಸಿಕೊಂಡೂ ಹೋಗಬಹುದು. ಇಂಗ್ಲೆಂಡಿನಲ್ಲಿ ಫೋಟೋ ಇರುವ ಗುರುತು ತೋರಿಸಬೇಕು. ನಿಮ್ಮ ಭಾರತದ ಪಾಸ್‌ಪೋರ್ಟ್ ಸಾಕು. ಬೆರಳಿಗೆ ಶಾಯಿ ಹಚ್ಚುವುದಿಲ್ಲ, ಮೆಷಿನ್ನೂ ಇಲ್ಲ. ಒಂದು ಕಾಗದ ಕೊಡುತ್ತಾರೆ, ದಾರಕ್ಕೆ ಕಟ್ಟಿದ ಪೆನ್ಸಿಲ್ ಇರುತ್ತದೆ. ಬೇಕಾದವರ ಹೆಸರಿನ ಮುಂದೆ ಕತ್ತರಿ ಗುರುತು ಹಾಕಿ, ಮಡಚಿ, ಪೆಟ್ಟಿಗೆಗೆ ಹಾಕಿ ಬನ್ನಿ.