ಹೊಸ ಕಾಶಿಯಲ್ಲಿ ಯಾತ್ರೆಯನ್ನು ಯೋಜಿಸುವುದು ಹೇಗೆ?

2021ರ ಡಿಸೆಂಬರ್ 13ರಂದು ಕಾಶಿ ವಿಶ್ವನಾಥ ದೇವಾಲಯದ ಹೊಸ ಆವರಣವಾದ ವಿಶ್ವನಾಥ ಧಾಮ ಉದ್ಘಾಟನೆಯಾದ ಮೇಲೆ ಕಾಶಿಯಾತ್ರೆಯ ಲೆಕ್ಕಾಚಾರವೇ ಬದಲಾಗಿದೆ. ಅಹಲ್ಯಾಬಾಯಿ ಹೋಳ್ಕರ್ 1780ರಲ್ಲಿ ಕಟ್ಟಿಸಿದ, ಗಲ್ಲಿಗಳ ನಡುವೆ ಮರೆಯಾಗಿದ್ದ ದೇವಾಲಯದಿಂದ ಈಗ ಲಲಿತಾ ಘಾಟಿನವರೆಗೆ ವಿಶಾಲವಾದ ಕಲ್ಲುಹಾಸಿನ ಪ್ರಾಂಗಣವಿದೆ. ನೂಕುನುಗ್ಗಲಿಗೆ ಹೆದರುತ್ತಿದ್ದ ವೃದ್ಧರಿಗೆ ಇದು ದೊಡ್ಡ ಉಪಕಾರ. ಆದರೆ ಬೆಳಿಗ್ಗೆ ಬಂದಿಳಿದು, ದರ್ಶನ ಮುಗಿಸಿ, ಸಂಜೆಯ ಆರತಿ ನೋಡಿ ರಾತ್ರಿಯೇ ರೈಲು ಹತ್ತುವವರಿಗೆ ಕ್ಷೇತ್ರ ದಕ್ಕುವುದಿಲ್ಲ. ಆದ್ದರಿಂದ ಕನಿಷ್ಠ ಮೂರು ರಾತ್ರಿ ತಂಗುವಂತೆ ಯೋಜಿಸಿ.

ರೈಲಿನ ಟಿಕೆಟ್ ಕಾಯ್ದಿರಿಸುವಾಗ ನಿಲ್ದಾಣದ ಹೆಸರನ್ನು ಸರಿಯಾಗಿ ನೋಡಿಕೊಳ್ಳಿ. ವಾರಾಣಸಿ ಜಂಕ್ಷನ್, ಹಿಂದೆ ಮಡುವಾಡಿಹ್ ಎನ್ನಿಸಿಕೊಳ್ಳುತ್ತಿದ್ದ ಬನಾರಸ್ ಮತ್ತು ಕಾಶಿ ಬೇರೆಬೇರೆ ನಿಲ್ದಾಣಗಳು. ಹಲವು ದೂರದ ರೈಲುಗಳು ಗಂಗೆಯ ಆಚೆಗಿರುವ ದೀನದಯಾಳ್ ಉಪಾಧ್ಯಾಯ, ಅಂದರೆ ಹಳೆಯ ಮೊಘಲ್‌ಸರಾಯ್ ಜಂಕ್ಷನ್‌ನಲ್ಲಿ ಮಾತ್ರ ನಿಲ್ಲುತ್ತವೆ. ವಸತಿಗೆ ದೇವಾಲಯದ ಸಮೀಪದ ವೃತ್ತವಾದ ಗೋದೌಲಿಯಾ ಬಳಿಯ ಜಂಗಮವಾಡಿ ಮಠವೂ ಹನುಮಾನ್ ಘಾಟಿನ ಪಕ್ಕದ ಕರ್ನಾಟಕ ಘಾಟಿನ ಆಸುಪಾಸೂ ಕನ್ನಡಿಗರಿಗೆ ಪರಿಚಿತ ನೆಲೆಗಳು. ಜನಸಂದಣಿಯ ವೇಳೆ ವಾಹನಗಳನ್ನು ಗೋದೌಲಿಯಾದ ಆಸುಪಾಸಿನಲ್ಲೇ ತಡೆಯುವುದರಿಂದ, ಸ್ವತಃ ಹೊತ್ತು ನಡೆಯಬಹುದಾದಷ್ಟೇ ಸಾಮಾನು ತನ್ನಿ.

ದರ್ಶನಕ್ಕೆ ಸೋಮವಾರ, ಶ್ರಾವಣ ಮತ್ತು ಶಿವರಾತ್ರಿಯ ದಿನಗಳನ್ನು ಬಿಟ್ಟು ನಸುಕಿನ ಹೊತ್ತನ್ನು ಆರಿಸಿಕೊಳ್ಳಿ. ನಮ್ಮ ಶ್ರಾವಣ ಆರಂಭವಾಗುವ ಸುಮಾರು ಹದಿನೈದು ದಿನ ಮೊದಲೇ ಉತ್ತರದವರ ಸಾವನ್ ಆರಂಭವಾಗುತ್ತದೆಂಬುದನ್ನು ಪಂಚಾಂಗ ನೋಡುವಾಗ ಮರೆಯಬೇಡಿ. ನಸುಕಿನ ಮಂಗಳಾರತಿ ಅಥವಾ ಹಣ ಕೊಟ್ಟು ಬೇಗ ಮಾಡುವ ಸುಗಮ ದರ್ಶನದ ಟಿಕೆಟನ್ನು ದೇವಸ್ಥಾನದ ಅಧಿಕೃತ ಜಾಲತಾಣದಲ್ಲಷ್ಟೇ ಕೊಳ್ಳಿ, ಬೀದಿಯಲ್ಲಿ ಎದುರಾಗಿ ವಿಶೇಷ ದರ್ಶನದ ಭರವಸೆ ಕೊಡುವವರ ಕೈಗೆ ಹಣ ಕೊಡಬೇಡಿ. ಮೊಬೈಲನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಅದನ್ನು ಕೋಣೆಯಲ್ಲೇ ಇಟ್ಟು ಬರುವುದು ಲೇಸು. ಮಂಡಿನೋವಿರುವವರು ಗಂಗಾ ದ್ವಾರದ ಮೆಟ್ಟಿಲುಗಳನ್ನು ಬಿಟ್ಟು ರಸ್ತೆಯ ಕಡೆಯ ನಾಲ್ಕನೇ ದ್ವಾರದಿಂದ ಬರಲಿ. ವಿಶ್ವನಾಥನ ಜೊತೆಗೆ ಅನ್ನಪೂರ್ಣೆ, ವಿಶಾಲಾಕ್ಷಿ ಮತ್ತು ಕ್ಷೇತ್ರಪಾಲ ಕಾಲಭೈರವನ ದರ್ಶನವಾದರೆ ಮಾತ್ರ ಯಾತ್ರೆ ಪೂರ್ಣವೆಂಬುದು ಹಿರಿಯರ ಪದ್ಧತಿ.

ಎರಡನೆಯ ದಿನದ ಬೆಳಗನ್ನು ಪೂರ್ತಿಯಾಗಿ ನಡಿಗೆಗೆ ಮೀಸಲಿಡಿ. ಅಸ್ಸಿ ಘಾಟಿನಲ್ಲಿ ಸೂರ್ಯೋದಯ ನೋಡಿ ನದಿಯ ಅಂಚಿನಲ್ಲೇ ಉತ್ತರಕ್ಕೆ ಹೊರಟರೆ ತುಳಸಿ, ಹನುಮಾನ್, ಕರ್ನಾಟಕ, ಹರಿಶ್ಚಂದ್ರ, ಕೇದಾರ ಘಾಟುಗಳು ಸಾಲಾಗಿ ಸಿಗುತ್ತವೆ. ಕೇದಾರೇಶ್ವರನ ಗುಡಿಯ ಕೆಂಪು ಬಿಳಿ ಪಟ್ಟೆಗಳ ಗೋಡೆ ದಕ್ಷಿಣದವರಿಗೆ ತಮ್ಮೂರಿನ ನೆನಪು ತರುತ್ತದೆ. ಶವದಹನ ನಡೆಯುವ ಹರಿಶ್ಚಂದ್ರ ಮತ್ತು ಮಣಿಕರ್ಣಿಕಾ ಘಾಟುಗಳಲ್ಲಿ ಯಾವ ಕಾರಣಕ್ಕೂ ಫೋಟೊ ತೆಗೆಯಬೇಡಿ. ಅಲ್ಲಿರುವುದು ಒಂದು ಮನೆಯ ದುಃಖ. ದೋಣಿ ಹತ್ತುವ ಮೊದಲೇ ಬಾಡಿಗೆಯನ್ನೂ ಎಲ್ಲಿಯವರೆಗೆ ಎಂಬುದನ್ನೂ ಮಾತಾಡಿಕೊಂಡು, ಲೈಫ್ ಜಾಕೆಟ್ ಕೇಳಿ ತೊಟ್ಟುಕೊಳ್ಳಿ.

ಈ ನಡಿಗೆಗೆ ನವೆಂಬರಿನಿಂದ ಮಾರ್ಚಿಯವರೆಗಿನ ಕಾಲ ಉತ್ತಮ, ಜನವರಿಯ ಮಂಜಿಗೆ ರೈಲುಗಳು ತಡವಾಗುತ್ತವೆ ಅಷ್ಟೆ. ಮಳೆಗಾಲದಲ್ಲಿ ಪ್ರವಾಹ ಏರಿದರೆ ಘಾಟುಗಳೇ ಮುಳುಗಿ ದೋಣಿಗಳು ನಿಲ್ಲುತ್ತವೆ, ನೀರಿಳಿದ ಮೇಲೂ ಮೆಟ್ಟಿಲಿನ ಮೇಲಿನ ಕೆಸರು ಬಹಳ ದಿನ ಜಾರುತ್ತದೆ.

ಊರಿಗೆ ಮರಳಿ ಗಂಗಾ ಸಮಾರಾಧನೆ, ಅಂದರೆ ಗಂಗಾಪೂಜೆ ಮತ್ತು ಸಂತರ್ಪಣೆ ಮಾಡುವವರು ಗಂಗಾಜಲ ತುಂಬಿ ಬೆಸುಗೆ ಹಾಕಿದ ತಾಮ್ರದ ಗಂಗಾ ತಂಬಿಗೆಯನ್ನು ಕೊನೆಯ ದಿನ ಕೊಳ್ಳಿ. ಅಂಗಡಿಯಲ್ಲೇ ಅದನ್ನು ತಲೆಕೆಳಗಾಗಿ ಹಿಡಿದು, ಬೆಸುಗೆಯ ಸುತ್ತ ಒಣಬಟ್ಟೆ ಒತ್ತಿ ನೋಡಿ. ಬಟ್ಟೆ ಒದ್ದೆಯಾದರೆ ಬೇರೆಯದನ್ನು ಕೇಳಿ ಪಡೆಯಿರಿ.