ಇಯರ್‌ಫೋನ್ ದುಬಾರಿ, ಸದ್ದು ಮಾತ್ರ ಸಪ್ಪೆ? ಮೊದಲು ಟಿಪ್ ಬದಲಿಸಿ

ಹತ್ತು, ಇಪ್ಪತ್ತು ಸಾವಿರ ಕೊಟ್ಟು ಕಿವಿಯೊಳಗೆ ಕೂರುವ ಇಯರ್‌ಫೋನ್ ತರಿಸುವವರು ದಾವಣಗೆರೆಯಲ್ಲೂ ಇದ್ದಾರೆ. ಆದರೆ ಇಷ್ಟು ಬೆಲೆಯದನ್ನು ಅಂಗಡಿಯಲ್ಲಿ ಕೂತು, ಕೇಳಿ ನೋಡಿ ಕೊಳ್ಳುವ ಅನುಕೂಲ ನಮ್ಮಲ್ಲಿ ಕಡಿಮೆ. ವಿಮರ್ಶೆ ಓದುತ್ತೇವೆ, ಆನ್‌ಲೈನ್‌ನಲ್ಲಿ ಆರ್ಡರ್ ಮಾಡುತ್ತೇವೆ. ಡಬ್ಬಿ ಬಿಚ್ಚಿ ಕಿವಿಗಿಟ್ಟಾಗ ‘ಇಷ್ಟೇನಾ?’ ಅನಿಸುತ್ತದೆ. ಆಮೇಲೆ ಖರ್ಚಿನ ಮೇಲೆ ಖರ್ಚು. ಬೆಳ್ಳಿ ಲೇಪದ ವೈರು, ದೊಡ್ಡ ಡ್ಯಾಕ್ (ಡಿಜಿಟಲ್ ಸಂಕೇತವನ್ನು ಇಯರ್‌ಫೋನಿಗೆ ಬೇಕಾದ ಅನಲಾಗ್ ಸಂಕೇತಕ್ಕೆ ಬದಲಿಸುವ ಸಾಧನ), ಅದೂ ಸಾಲದೆ ಇನ್ನೊಂದು ಇಯರ್‌ಫೋನ್.

ಅದು ಉಲ್ಟಾ ದಾರಿ. ಸದ್ದು ಕೆಡುವುದು ಹೆಚ್ಚಾಗಿ ಕಿವಿಯ ಬಾಗಿಲಲ್ಲೇ. ಹಾಗಾಗಿ ಕಿವಿಯಿಂದ ಶುರು ಮಾಡಿ ಹಿಂದಕ್ಕೆ ಹೋಗೋಣ. ಮೊದಲು ಟಿಪ್ (ಕಿವಿಯೊಳಗೆ ಕೂರುವ ಮೆತ್ತನೆಯ ತುದಿ), ಆಮೇಲೆ ವೈರು, ಫೋನು, ಹಾಡಿನ ಫೈಲು. ಮೊದಲ ಕೆಲಸಗಳಿಗೆ ಕಾಸು ಬೇಕಿಲ್ಲ, ತಾಳ್ಮೆ ಇದ್ದರೆ ಸಾಕು.

ಟಿಪ್ ಆರಿಸುವುದು

ಡಬ್ಬಿಯಲ್ಲಿ ಸಾಮಾನ್ಯವಾಗಿ ಸಣ್ಣದು, ಮಧ್ಯಮ, ದೊಡ್ಡದು ಅಂತ ಮೂರು ಅಳತೆಯ ಸಿಲಿಕೋನ್ ಟಿಪ್ ಕೊಟ್ಟಿರುತ್ತಾರೆ. ಬಹಳ ಜನ ಮೊದಲೇ ಸಿಕ್ಕಿಸಿದ್ದ ಮಧ್ಯಮ ಅಳತೆಯದನ್ನೇ ಬಳಸುತ್ತಾರೆ. ಉಳಿದವು ಕವರ್‌ನಿಂದ ಆಚೆಗೇ ಬರುವುದಿಲ್ಲ. ಕಿವಿಯ ನಾಳ ಎಲ್ಲರಿಗೂ ಒಂದೇ ಥರ ಇರುವುದಿಲ್ಲ. ಒಬ್ಬರದೇ ಎಡಗಿವಿ, ಬಲಗಿವಿ ಕೂಡ ಬೇರೆ ಬೇರೆ ಇರಬಹುದು. ಎಡಕ್ಕೆ ಮಧ್ಯಮ, ಬಲಕ್ಕೆ ದೊಡ್ಡದು ಹಾಕಿಕೊಂಡರೆ ತಪ್ಪೇನಿಲ್ಲ.

ಟಿಪ್‌ಗೂ ನಾಳಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಬೇಸ್ (ತಗ್ಗು ಸ್ವರದ ಸದ್ದು) ಸೋರಿಹೋಗುತ್ತದೆ. ಗ್ಯಾಸ್ಕೆಟ್ ಸಡಿಲವಾದ ಕುಕ್ಕರ್‌ನಲ್ಲಿ ಪ್ರೆಷರ್ ನಿಲ್ಲುವುದಿಲ್ಲವಲ್ಲ, ಹಾಗೆ. ಟ್ರೆಬಲ್ (ಮೇಲಿನ ಸ್ವರದ ಸದ್ದು) ಮಾತ್ರ ಅಷ್ಟಾಗಿ ಸೋರುವುದಿಲ್ಲ. ಅದಕ್ಕೇ ಟಿಪ್ ಸರಿಯಾಗಿ ಕೂರದಿದ್ದಾಗ ಸದ್ದು ತೆಳ್ಳಗೂ ಆಗುತ್ತದೆ, ಚುಚ್ಚುತ್ತಲೂ ಇರುತ್ತದೆ. ಜನ ಇದನ್ನು ಇಯರ್‌ಫೋನ್‌ನ ದೋಷ ಅಂದುಕೊಳ್ಳುತ್ತಾರೆ.

ಪರೀಕ್ಷೆ ಸುಲಭ. ಫೋನಿಗೆ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು, ವಾಲ್ಯೂಮ್ ಕಡಿಮೆ ಇಟ್ಟು, 40 ಹರ್ಟ್ಜ್ ಸದ್ದು ಬಿಡಿ. ಈಗ ಒಂದೊಂದೇ ಇಯರ್‌ಫೋನನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿ. ಒತ್ತಿದ ಕೂಡಲೇ ಸದ್ದು ದಪ್ಪಗಾಗಿ ಏರಿತಾ? ಹಾಗಾದರೆ ಅಲ್ಲಿಯವರೆಗೆ ಅದು ಸರಿಯಾಗಿ ಕೂತಿರಲಿಲ್ಲ. ಒಂದು ಅಳತೆ ದೊಡ್ಡದು ಹಾಕಿ ನೋಡಿ. ಒತ್ತಿದರೂ ಒತ್ತದಿದ್ದರೂ ಒಂದೇ ಸಮ ಕೇಳಿದರೆ ಆಯಿತು. ಆ್ಯಪ್ ಬೇಡ ಅಂದರೆ ತಬಲಾ ಇರುವ ಹಾಡು ಹಾಕಿ, ಎಡಗೈಯ ಡಗ್ಗಾದ ಮೇಲೆ ಕಿವಿಯಿಡಿ. ಅಂಗೈ ಒತ್ತಿ ಸರಿಸಿದಾಗ ಏಳುವ ಆ ಗುಮುಕು ತುಂಬಿಕೊಂಡು ಕೇಳಬೇಕು. ಬರೀ ‘ಟಪ್’ ಅಂತ ಬಂದರೆ ಟಿಪ್ ಸೋರುತ್ತಿದೆ.

ವಿದ್ಯಾನಗರದಲ್ಲಿ ನಮ್ಮ ಪರಿಚಯದ ಹುಡುಗನೊಬ್ಬ ಇಯರ್‌ಫೋನ್ ಮಾರಿಬಿಡ್ತೀನಿ ಅಂತ ಕೂತಿದ್ದ. “ಅಣ್ಣಾ, ಇಷ್ಟು ದುಡ್ಡು ಕೊಟ್ರೂ ಬೇಸೇ ಇಲ್ವಲ್ಲ ಇದ್ರಾಗೆ” ಅನ್ನುವುದು ಅವನ ದೂರು. ಬಲಗಿವಿಗೆ ದೊಡ್ಡ ಟಿಪ್ ಹಾಕಿಸಿದೆ. ಎರಡೇ ನಿಮಿಷದ ಕೆಲಸ. ಅದೇ ಹಾಡನ್ನು ಮೊದಲಿಂದ ಹಾಕಿಕೊಂಡು ಕೂತವನು ಮಾರುವ ಮಾತನ್ನೇ ಬಿಟ್ಟ.

ಸಿಲಿಕೋನ್ ಯಾವುದೂ ಸರಿಹೋಗದಿದ್ದರೆ ಫೋಮ್ ಟಿಪ್ ಇದೆ. ಬೆರಳಲ್ಲಿ ಹೊಸೆದು ಸಣ್ಣಗೆ ಮಾಡಿ, ಕಿವಿಯೊಳಗೆ ತೂರಿಸಿ, ಉಬ್ಬಿಕೊಳ್ಳುವ ತನಕ ಅರ್ಧ ನಿಮಿಷ ಹಿಡಿದುಕೊಳ್ಳಿ. ಹೊರಗಿನ ಗಲಾಟೆಯನ್ನು ಚೆನ್ನಾಗಿ ತಡೆಯುತ್ತದೆ, ಟ್ರೆಬಲ್ಲನ್ನು ಸ್ವಲ್ಪ ಮೆದುಗೊಳಿಸುತ್ತದೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಹೋಗುವವರಿಗೆ ನಾನು ಹೇಳುವುದು ಇದನ್ನೇ. ಬಸ್ಸಿನ ಇಂಜಿನ್ ಸದ್ದು ಬಹುಪಾಲು ಬೇಸ್‌ನದ್ದು. ಅದು ಹಾಡಿನ ಬೇಸನ್ನು ನುಂಗಿಹಾಕುತ್ತದೆ. ಆದರೆ ಫೋಮ್ ಬಾಳಿಕೆ ಬರುವುದಿಲ್ಲ. ಬೇಸಿಗೆಯ ಬೆವರಿಗೆ ಇನ್ನೂ ಬೇಗ ಹಾಳಾಗುತ್ತದೆ. ಗಟ್ಟಿಯಾಗಿ, ಉಬ್ಬದೆ ಹೋದರೆ ಬದಲಿಸಿ.

ಕಿವಿಗೆ ಹಾಕಿಕೊಳ್ಳುವ ಕ್ರಮ

ಎದುರುಗಡೆಯಿಂದ ನೇರ ತುರುಕಬೇಡಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಸ್ವಲ್ಪ ಎಳೆಯಿರಿ. ನಾಳದ ತಿರುವು ನೆಟ್ಟಗಾಗುತ್ತದೆ. ಈಗ ಇಯರ್‌ಫೋನನ್ನು ತಿರುಗಿಸುತ್ತಾ ಕೂರಿಸಿ, ಕಿವಿ ಬಿಡಿ. ವೈರು ಕಿವಿಯ ಮೇಲಿಂದ ಸುತ್ತಿ ಬರುವ ಮಾದರಿಯಾದರೆ ಹಾಗೇ ಹಾಕಿಕೊಳ್ಳಿ. ವೈರು ಬಟ್ಟೆಗೆ ಉಜ್ಜಿದ ಸದ್ದು ಕಿವಿಗೆ ಬರುವುದು ಕಡಿಮೆಯಾಗುತ್ತದೆ. ಹಾಕುವಾಗ ಚರಚರ ಅಂದರೆ ಗಾಬರಿ ಬೇಡ. ಒಳಗೆ ಸಿಕ್ಕಿಕೊಂಡ ಗಾಳಿ, ಸದ್ದು ಹುಟ್ಟಿಸುವ ತೆಳು ಪೊರೆಯನ್ನು (ಡಯಾಫ್ರಾಮ್) ಒತ್ತಿದ ಸದ್ದು ಅದು. ನಿಧಾನಕ್ಕೆ ಹಾಕಿದರೆ ಕಡಿಮೆಯಾಗುತ್ತದೆ.

ಎಷ್ಟು ಆಳಕ್ಕೆ ಹೋಗಬೇಕು ಅನ್ನುವುದೂ ಮುಖ್ಯ. ದೊಡ್ಡವರ ಕಿವಿಯ ನಾಳ ಸುಮಾರು 2.5 ಸೆಂಟಿಮೀಟರ್ ಉದ್ದ. ಟಿಪ್ ಹಾಕಿ ಮುಚ್ಚಿದಾಗ ಒಳಗೆ ಉಳಿಯುವ ಜಾಗಕ್ಕೆ ತಕ್ಕಂತೆ, ಸಾಮಾನ್ಯವಾಗಿ 7-9 ಕಿಲೋಹರ್ಟ್ಜ್ ಆಸುಪಾಸಿನಲ್ಲಿ ಸದ್ದು ಎದ್ದು ಕೇಳುವ ಒಂದು ಏರು ಹುಟ್ಟುತ್ತದೆ. ಹಾಡುವವರ ‘ಸ’, ‘ಶ’ ಚುಚ್ಚಿದರೆ ಇದೂ ಒಂದು ಕಾರಣ. ಆಳಕ್ಕೆ ಹೋದಷ್ಟೂ ಆ ಏರು ಇನ್ನೂ ಮೇಲಿನ ಸ್ವರಕ್ಕೆ ಸರಿಯುತ್ತದೆ, ಚುಚ್ಚುವುದು ಕಡಿಮೆಯಾಗುತ್ತದೆ. ಅಮೆರಿಕದ ಎಟಿಮೋಟಿಕ್ ಕಂಪನಿ 1991ರಲ್ಲಿ ತಂದ ಇಆರ್-4 ಇಯರ್‌ಫೋನ್ ಮೂರು ಅಂಚಿನ ಟಿಪ್ ಹಾಕಿ ಆಳಕ್ಕೆ ಕೂರಿಸುವಂಥದ್ದು. ಎಲ್ಲರಿಗೂ ಅದು ಹಿತವಾಗುವುದಿಲ್ಲ. ನೋವಾಗುವಷ್ಟು ಒತ್ತುವುದಂತೂ ಬೇಡವೇ ಬೇಡ.

ವೈರು

ವೈರು ಬಿಚ್ಚಿ ಹಾಕುವ ಇಯರ್‌ಫೋನ್‌ಗಳಲ್ಲಿ ಎರಡು ಪಿನ್ನಿನದು ಒಂದು ಬಗೆ. ಒಂದು ಕಡೆಯದನ್ನು ಉಲ್ಟಾ ಚುಚ್ಚಿದರೂ ಹಾಡು ಕೇಳಿಸುತ್ತದೆ. ಆದರೆ ಎಡ-ಬಲದ ಸದ್ದು ಒಂದಕ್ಕೊಂದು ವಿರುದ್ಧವಾಗಿ ಕಂಪಿಸಿ, ಬೇಸ್ ತೆಳುವಾಗುತ್ತದೆ. ನಡುವೆ ನಿಲ್ಲಬೇಕಾದ ಗಾಯಕಿಯ ದನಿ ಎಲ್ಲೋ ಚದುರಿಹೋಗುತ್ತದೆ. ಎಡ-ಬಲದ ಗುರುತು ನೋಡಿ ಚುಚ್ಚಿ. ಬಲಕ್ಕೆ ಕೆಂಪು ಗುರುತು ಇರುವುದು ರೂಢಿ.

ದುಬಾರಿ ವೈರಿನಿಂದ ಸದ್ದು ಬದಲಾಗುತ್ತದಾ? ಇರುವ ವೈರು ಚೆನ್ನಾಗಿದ್ದರೆ ಅದಕ್ಕೆ ದುಡ್ಡು ಹಾಕಬೇಡಿ ಅನ್ನುವುದೇ ನನ್ನ ಮಾತು.

ಫೋನು ಮತ್ತು ಡಾಂಗಲ್

ಈಗ ಬಹಳ ಫೋನುಗಳಲ್ಲಿ 3.5 ಮಿ.ಮೀ. ಜ್ಯಾಕ್ ಇಲ್ಲ. ಚಾರ್ಜಿಂಗ್ ತೂತಿಗೆ ಚುಚ್ಚಿ ಇಯರ್‌ಫೋನ್ ಸೇರಿಸುವ ಟೈಪ್-ಸಿ ಡಾಂಗಲ್ ಬೇಕು. ಕೊಳ್ಳುವಾಗ ಒಳಗೆ ಡ್ಯಾಕ್ ಇದೆಯಾ ಅಂತ ಕೇಳಿ. ಡ್ಯಾಕ್ ಇಲ್ಲದ ಅಗ್ಗದ ಕನೆಕ್ಟರ್ ಎಲ್ಲ ಫೋನಿನಲ್ಲೂ ಕೆಲಸ ಮಾಡುವುದಿಲ್ಲ. ಆ್ಯಪಲ್‌ನ ಪುಟ್ಟ ಡಾಂಗಲ್ ಚೆನ್ನಾಗಿದೆ. ಆದರೆ ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಅದರ ಸದ್ದು ಪೂರ್ತಿ ಏರುವುದಿಲ್ಲ.

ಇಯರ್‌ಫೋನಿಗೆ ದೊಡ್ಡ ಆಂಪ್ಲಿಫೈಯರ್ ಶಕ್ತಿ ಬೇಕಿಲ್ಲ. ನೋಡಬೇಕಾದದ್ದು ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಡಾಂಗಲ್ ಕಡೆಯ ವಿದ್ಯುತ್ ತಡೆ. ಅದನ್ನು ಓಮ್‌ನಲ್ಲಿ ಅಳೆಯುತ್ತಾರೆ. ಒಂದು ರೂಢಿ ಲೆಕ್ಕ ಇದೆ. ಡಾಂಗಲ್‌ನ ಔಟ್‌ಪುಟ್ ಇಂಪೀಡೆನ್ಸ್, ಇಯರ್‌ಫೋನಿನ ಇಂಪೀಡೆನ್ಸ್‌ನ ಎಂಟನೇ ಒಂದು ಭಾಗಕ್ಕಿಂತ ಹೆಚ್ಚಿರಬಾರದು. ಇಯರ್‌ಫೋನ್ 32 ಓಮ್ ಆದರೆ ಡಾಂಗಲ್ 4 ಓಮ್‌ನ ಒಳಗಿರಲಿ. 16 ಆದರೆ 2. ಶೂರ್ ಎಸ್‌ಇ846ರಂಥ 9 ಓಮ್‌ನ ಇಯರ್‌ಫೋನ್ ಆದರೆ ಸುಮಾರು 1 ಓಮ್ ಇರಬೇಕು.

ಯಾಕೆ ಅಂದರೆ, ಒಳಗೆ ಹಲವು ಬ್ಯಾಲೆನ್ಸ್‌ಡ್ ಆರ್ಮೆಚರ್ (ಸದ್ದು ಹುಟ್ಟಿಸುವ ಪುಟ್ಟ ಡ್ರೈವರ್) ಇರುವ ಇಯರ್‌ಫೋನಿನ ಇಂಪೀಡೆನ್ಸ್ ಎಲ್ಲ ಸ್ವರಕ್ಕೂ ಒಂದೇ ಇರುವುದಿಲ್ಲ. ಬೇಸ್‌ಗೆ ಒಂದು, ಟ್ರೆಬಲ್‌ಗೆ ಇನ್ನೊಂದು. ಡಾಂಗಲ್ ಕಡೆಯ ಓಮ್ ಜಾಸ್ತಿಯಾದರೆ ವೋಲ್ಟೇಜ್ ಹಂಚಿಕೆ ಏರುಪೇರಾಗಿ, ಇಯರ್‌ಫೋನಿನ ದನಿಯೇ ಬೇರೆಯಾಗಿಬಿಡುತ್ತದೆ. ಪುಟ್ಟ ಸ್ಪೀಕರಿನಂಥ ಒಂದೇ ಡೈನಮಿಕ್ ಡ್ರೈವರ್ ಇರುವುದರಲ್ಲಿ ಈ ತೊಂದರೆ ಕಡಿಮೆ. ಮನೆಯಲ್ಲಿರುವ ಹಳೆಯ ಆಂಪ್ಲಿಫೈಯರ್‌ನ ಹೆಡ್‌ಫೋನ್ ತೂತಿಗೆ ಇಂಥ ಸೂಕ್ಷ್ಮ ಇಯರ್‌ಫೋನ್ ಚುಚ್ಚಬೇಡಿ. ಹಲವು ಆಂಪ್ಲಿಫೈಯರ್‌ಗಳಲ್ಲಿ ಅಲ್ಲಿ ನೂರು ಓಮ್‌ಗಿಂತ ಹೆಚ್ಚಿನ ರೆಸಿಸ್ಟರ್ ಕೂಡ ಇರುತ್ತದೆ.

ಹಾಡು ನಿಂತಾಗಲೂ ಸ್ಸ್... ಅಂತ ಕೇಳುತ್ತಿದ್ದರೆ ಡಾಂಗಲ್‌ನಲ್ಲಿ ಗೇನ್ (ಸದ್ದನ್ನು ಹಿಗ್ಗಿಸುವ ಮಟ್ಟ) ಕಡಿಮೆ ಮಾಡುವ ಅವಕಾಶ ಇದೆಯಾ ನೋಡಿ.

ವೈರಿಲ್ಲದ್ದು ಆದರೆ

ಬ್ಲೂಟೂತ್ ಇಯರ್‌ಬಡ್ ಇದ್ದವರು ಕೋಡೆಕ್ (ಸದ್ದನ್ನು ಕುಗ್ಗಿಸಿ ಕಳಿಸುವ ವಿಧಾನ) ನೋಡಿಕೊಳ್ಳಿ. ಆಂಡ್ರಾಯ್ಡ್‌ನಲ್ಲಿ ಡೆವಲಪರ್ ಆಪ್ಷನ್ಸ್ ಒಳಗೆ ಸಿಗುತ್ತದೆ. ಸೋನಿಯ ಎಲ್‌ಡ್ಯಾಕ್ ಕೋಡೆಕ್ ಸೆಕೆಂಡಿಗೆ 990 ಕಿಲೋಬಿಟ್‌ವರೆಗೆ ಹೋಗುತ್ತದೆ. ಬಸ್ ನಿಲ್ದಾಣದಂಥ ಗದ್ದಲದಲ್ಲಿ ತುಂಡುತುಂಡಾದರೆ 660ಕ್ಕೆ ಇಳಿಸಿ. ಐಫೋನ್‌ನಲ್ಲಿ ಎಲ್‌ಡ್ಯಾಕ್ ಇಲ್ಲ, ಅಲ್ಲಿ ಎಎಸಿಯೇ ಗತಿ. ಅದೂ ಚೆನ್ನಾಗಿಯೇ ಇರುತ್ತದೆ.

ಹಾಡಿನ ಫೈಲು

ಸಿಡಿಯ ಸದ್ದು 16 ಬಿಟ್, 44.1 ಕಿಲೋಹರ್ಟ್ಜ್. ಅಂದರೆ ಎಡ-ಬಲ ಸೇರಿ ಸೆಕೆಂಡಿಗೆ 1,411 ಕಿಲೋಬಿಟ್. ಫ್ಲ್ಯಾಕ್ ಎಂಬ ಬಗೆಯ ಫೈಲು ಅದನ್ನು ಏನೂ ಕಳೆಯದೆ ಮಡಚಿಡುತ್ತದೆ. ಆ್ಯಪಲ್ ಮ್ಯೂಸಿಕ್ 2021ರಿಂದ ಹೆಚ್ಚಿನ ಹಣ ಕೇಳದೆ ಲಾಸ್‌ಲೆಸ್ (ಏನೂ ಕಳೆಯದ) ಸದ್ದು ಕೊಡುತ್ತಿದೆ. 320 ಕಿಲೋಬಿಟ್‌ನ ಎಂಪಿ3ಗೂ ಇದಕ್ಕೂ ಇರುವ ವ್ಯತ್ಯಾಸ ಕಣ್ಮುಚ್ಚಿ ಕೇಳಿದರೆ ಬಹಳ ಜನಕ್ಕೆ ತಿಳಿಯುವುದಿಲ್ಲ. ಹಾಗಾಗಿ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಬದಲಿಗೆ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಸೇವರ್ ಆನ್ ಆಗಿದೆಯಾ ನೋಡಿ. ದುಬಾರಿ ಇಯರ್‌ಫೋನಿನಲ್ಲಿ ಕಡಿಮೆ ದರ್ಜೆಯ ಸದ್ದು ಕೇಳುತ್ತಾ ಕೂರುವುದು ಸುಮ್ನೆ ನಷ್ಟ. ವೈಫೈ ಇದ್ದಾಗ ಒಳ್ಳೆಯ ಗುಣಮಟ್ಟದಲ್ಲಿ ಇಳಿಸಿಟ್ಟುಕೊಳ್ಳಿ. ವಿಡಿಯೊದಿಂದ ಕಿತ್ತ ಹಾಡನ್ನು ಫ್ಲ್ಯಾಕ್‌ಗೆ ಬದಲಿಸಿದರೆ ಫೈಲು ದಪ್ಪಗಾಗುತ್ತದೆ ಅಷ್ಟೆ, ಹೋದದ್ದು ವಾಪಸ್ ಬರುವುದಿಲ್ಲ.

ಮುದ್ರಣವೇ ಹಳೆಯದಾದರೆ ಇಯರ್‌ಫೋನನ್ನು ಬೈಯಬೇಡಿ. ಆಕಾಶವಾಣಿಯ ಹಳೆಯ ಹಿಂದೂಸ್ತಾನಿ ಮುದ್ರಣಗಳಲ್ಲಿ ಬೇಸ್ ಕಡಿಮೆಯೇ ಇರುತ್ತದೆ. ಅಲ್ಲಿ ಕೇಳಬೇಕಾದದ್ದು ದನಿಯ ಉಸಿರು, ತಂಬೂರಿಯ ನಾಲ್ಕು ತಂತಿ ಬೇರೆ ಬೇರೆಯಾಗಿ ಝೇಂಕರಿಸುವುದು. ಒಳ್ಳೆಯ ಇಯರ್‌ಫೋನ್ ಅದನ್ನು ಎಷ್ಟು ಚೆನ್ನಾಗಿ ಬಿಡಿಸಿಡುತ್ತದೆ ಅಂದರೆ, ಗೊತ್ತಿರುವ ರಾಗವನ್ನೇ ಮತ್ತೆ ಮೊದಲಿಂದ ಕೇಳಬೇಕು ಅನಿಸುತ್ತದೆ.

ಈಕ್ವಲೈಜರ್ ಮತ್ತು ಹೋಲಿಕೆ

ಟಿಪ್ ಸರಿಯಾದ ಮೇಲೆ ಮಾತ್ರ ಈಕ್ವಲೈಜರ್ ಮುಟ್ಟಿ. ಏರಿಸುವುದಕ್ಕಿಂತ ಇಳಿಸುವುದು ಒಳ್ಳೆಯದು. ‘ಸ’ ಚುಚ್ಚಿದರೆ 5ರಿಂದ 9 ಕಿಲೋಹರ್ಟ್ಜ್ ನಡುವೆ ಟೋನ್ ನಿಧಾನವಾಗಿ ಸರಿಸುತ್ತಾ, ಎಲ್ಲಿ ಕರ್ಕಶವಾಗುತ್ತದೋ ಅಲ್ಲಿ 3 ಡೆಸಿಬೆಲ್ ಇಳಿಸಿ. ಬೇಸನ್ನು 4 ಡೆಸಿಬೆಲ್ ಏರಿಸಿದರೆ ಪ್ರೀಆಂಪನ್ನು (ಈಕ್ವಲೈಜರ್‌ನಲ್ಲಿ ಒಟ್ಟು ಸದ್ದಿನ ಮಟ್ಟ) ಅಷ್ಟೇ ಇಳಿಸಿ. ಇಲ್ಲದಿದ್ದರೆ ಜೋರಾದ ಕಡೆ ಸದ್ದು ಒಡೆಯುತ್ತದೆ.

ಎರಡು ಡಾಂಗಲ್ ಅಥವಾ ಎರಡು ಇಯರ್‌ಫೋನ್ ಹೋಲಿಸುವಾಗ ಎರಡರ ಸದ್ದೂ ಒಂದೇ ಮಟ್ಟಕ್ಕಿರಲಿ. ಸದ್ದು ಕಡಿಮೆಯಾದಾಗ ನಮ್ಮ ಕಿವಿಗೆ ಬೇಸ್ ಜಾಸ್ತಿ ಕಳೆದುಹೋಗುತ್ತದೆ. ಫ್ಲೆಚರ್, ಮುನ್ಸನ್ ಎಂಬಿಬ್ಬರು ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಹಾಗಾಗಿ ಸ್ವಲ್ಪ ಜೋರಾಗಿರುವುದೇ ಯಾವಾಗಲೂ ‘ಚೆನ್ನಾಗಿದೆ’ ಅನಿಸುತ್ತದೆ.

ಶುಚಿ

ಒಂದು ಕಡೆ ಸದ್ದು ಕಡಿಮೆಯಾದರೆ ರಿಪೇರಿಗೆ ಓಡುವ ಮೊದಲು ಟಿಪ್ ತೆಗೆದು, ನಾಝಲ್‌ನ (ಟಿಪ್ ಸಿಕ್ಕಿಸುವ ಕೊಳವೆಯ) ಜಾಲರಿಗೆ ಫೋನಿನ ಟಾರ್ಚ್ ಬಿಡಿ. ತೂತುಗಳು ಹಳದಿ ಮೇಣದಿಂದ ಮುಚ್ಚಿಕೊಂಡಿರುವುದು ಕಣ್ಣಿಗೇ ಕಾಣುತ್ತದೆ. ನಾಝಲ್ ಕೆಳಮುಖ ಮಾಡಿ ಹಿಡಿದು, ಒಣ ಮೆತ್ತನೆಯ ಬ್ರಷ್‌ನಿಂದ ಮೆಲ್ಲಗೆ ತಟ್ಟಿ. ಪಿನ್ನು ಚುಚ್ಚಬೇಡಿ, ಜಾಲರಿ ಒಳಗೆ ಬಿದ್ದರೆ ಕಥೆ ಮುಗಿಯಿತು. ಸಿಲಿಕೋನ್ ಟಿಪ್ ಬಿಚ್ಚಿ, ಉಗುರು ಬೆಚ್ಚಗಿನ ನೀರು, ಸ್ವಲ್ಪ ಸೋಪಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಿ. ನಮ್ಮ ಊರಿನ ಧೂಳು, ಮಂಡಕ್ಕಿ ಭಟ್ಟಿಯ ಕಡೆಯ ಮಸಿ, ಏಪ್ರಿಲ್‌ನ ಬೆವರು ಎಲ್ಲಕ್ಕೂ ಒಂದು ಗಟ್ಟಿ ಡಬ್ಬಿ, ಅದರೊಳಗೊಂದು ಸಿಲಿಕಾ ಜೆಲ್ ಪೊಟ್ಟಣ ಸಾಕು.

ವಾಲ್ಯೂಮ್

ವಾಲ್ಯೂಮ್ ಕೊನೆಗೆ ಹೇಳುತ್ತಿದ್ದರೂ ದಿನಾ ನೆನಪಿಡಬೇಕಾದದ್ದು. ದೊಡ್ಡವರಿಗೆ 80 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆ ಮಿತಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 3 ಡೆಸಿಬೆಲ್ ಏರಿದಾಗಲೆಲ್ಲ ಸಮಯ ಅರ್ಧಕ್ಕೆ ಇಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ ಬರೀ 10. ಟಿಪ್ ಸರಿಯಾಗಿ ಕೂತರೆ ಹೊರಗಿನ ಗಲಾಟೆ ತಾನೇ ಇಳಿಯುತ್ತದೆ, ವಾಲ್ಯೂಮ್ ಏರಿಸುವ ಅಗತ್ಯವೇ ಬರುವುದಿಲ್ಲ. ಮನೆಯಲ್ಲಿ ಹಿತ ಅನಿಸುವ ಮಟ್ಟ ಗುರುತಿಟ್ಟುಕೊಳ್ಳಿ, ಬಸ್ಸಿನಲ್ಲೂ ಅದರ ಹತ್ತಿರವೇ ಇರಿ. ಪಿ.ಬಿ. ರಸ್ತೆ ದಾಟುವಾಗ ಎರಡೂ ಕಿವಿಯಿಂದ ತೆಗೆದುಬಿಡಿ. ಒಳ್ಳೆಯ ಟಿಪ್ ಹಾಕಿದ್ದರೆ ಹಿಂದಿನ ಲಾರಿಯ ಹಾರ್ನ್ ಕೂಡ ಸರಿಯಾಗಿ ಕೇಳುವುದಿಲ್ಲ.

ಕೇಳಿ ಮುಗಿಸಿದ ಮೇಲೆ ಕಿವಿಯಲ್ಲಿ ಗುಂಯ್ ಅಂದರೆ ಅವತ್ತಿಗೆ ಸಾಕು ಮಾಡಿ. ಮರುದಿನವೂ ಹೋಗದಿದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಹಾಗೇ ಕಿವಿಯ ಮೇಣವನ್ನೂ ಅವರಿಂದಲೇ ತೆಗೆಸಿಕೊಳ್ಳಿ. ಹತ್ತಿಯ ಕಡ್ಡಿ ಅದನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತದೆ.